ಆಸ್ಟರ್ ಹೂವನ್ನು ನೋಡಿದವರು ಯಾರು?

ಫ್ಲಿಕರ್‌ನಂಥ ತಾಣಕ್ಕೆ ಚಿತ್ರ ಏರಿಸಿದವರ ಕಣ್ಣು ಮರುದಿನ ಚಿತ್ರಕ್ಕಿಂತ, ಅದನ್ನು ಎಷ್ಟು ಸಲ ನೋಡಲಾಗಿದೆ ಎಂದು ಹೇಳುವ ಕೆಳಗಿನ ಅಂಕಿಯ ಮೇಲೆಯೇ ಹೆಚ್ಚು ನೆಟ್ಟಿರುತ್ತದೆ. ಆ ಅಂಕಿಗಳನ್ನು ಸುಲಭವಾಗಿ ತೋರಿಸುವ ಪುಟ್ಟ ಆಡ್-ಆನ್‌ಗಳನ್ನು ಬ್ರೌಸರ್‌ಗೆ ಸೇರಿಸಿಕೊಳ್ಳಬಹುದು. ಆದರೆ ಆಡ್-ಆನ್ ತಾನಾಗಿ ಏನನ್ನೂ ಎಣಿಸುವುದಿಲ್ಲ. ಪುಟ ತೆರೆದೊಡನೆ ಅದು ವಿಳಾಸದಲ್ಲಿರುವ ಉದ್ದನೆಯ ಸಂಖ್ಯೆಯನ್ನು, ಅಂದರೆ ಆ ಚಿತ್ರದ ಗುರುತನ್ನು, ಹೆಕ್ಕಿಕೊಳ್ಳುತ್ತದೆ. ತಂತ್ರಾಂಶಗಳು ಮಾಹಿತಿ ಕೇಳಲೆಂದೇ ತಾಣದವರು ತೆರೆದಿಟ್ಟಿರುವ ಎಪಿಐ ಎಂಬ ಕಿಂಡಿಯಲ್ಲಿ ಅದನ್ನು ತೋರಿಸಿ, ಬಂದ ಉತ್ತರವನ್ನು ಪುಟದ ಮೂಲೆಯಲ್ಲಿ ಅಂಟಿಸುತ್ತದೆ. ಲೆಕ್ಕ ಬರೆಯುವುದು ಸರ್ವರ್, ಅಂದರೆ ಚಿತ್ರಗಳನ್ನು ಇಟ್ಟುಕೊಂಡು ಕೇಳಿದವರಿಗೆ ಕಳಿಸುವ ತಾಣದ ಕಂಪ್ಯೂಟರ್. ಫ್ಲಿಕರ್‌ನ ಕಿಂಡಿ ದಿನವಾರು ವಿವರವನ್ನು ಹಿಂದಿನ 28 ದಿನಗಳಷ್ಟೇ ಕೊಡುತ್ತದೆ. ಅದಕ್ಕೂ ಹಳೆಯದು ಬೇಕೆನ್ನುವವರು ಮೊದಲೇ ಇಳಿಸಿಟ್ಟುಕೊಂಡಿರಬೇಕು.

ಸರ್ವರ್‌ಗಾದರೂ ನೋಡುವ ಕಣ್ಣು ಕಾಣಿಸುವುದಿಲ್ಲ, ತನ್ನ ಬಳಿಗೆ ಬಂದ ಕೋರಿಕೆಯಷ್ಟೇ ಕಾಣಿಸುತ್ತದೆ. ಒಮ್ಮೆ ಇಳಿದ ಚಿತ್ರವನ್ನು ಬ್ರೌಸರ್ ತನ್ನಲ್ಲೇ ಉಳಿಸಿಕೊಂಡು ಮತ್ತೆ ತೋರಿಸಿದರೆ, ಕಂಡದ್ದು ಎರಡು ಸಲವಾದರೂ ಚಿತ್ರದ ಕಡತಕ್ಕೆ ಬಂದ ಕೋರಿಕೆ ಒಂದೇ. ಹುಡುಕುತಾಣಗಳ ಬಾಟ್‌ಗಳು, ಅಂದರೆ ತಾವಾಗಿಯೇ ಪುಟಗಳನ್ನು ಜಾಲಾಡುವ ತಂತ್ರಾಂಶಗಳು, ಬಂದು ಹೋದರೆ, ಅವುಗಳನ್ನು ಬೇರ್ಪಡಿಸದ ಹೊರತು, ಯಾರೂ ನೋಡದೆಯೂ ಲೆಕ್ಕ ಏರುತ್ತದೆ.

ಇದಕ್ಕೆ ನಾನು ಬಲ್ಲ ಅತ್ಯಂತ ಸೊಗಸಾದ ನಿದರ್ಶನ ವಿಕಿಪೀಡಿಯ ಬಳಗದ ಚಿತ್ರಭಂಡಾರವಾದ ವಿಕಿಮೀಡಿಯ ಕಾಮನ್ಸ್‌ನಲ್ಲಿರುವ ಒಂದು ಆಸ್ಟರ್ ಹೂವಿನ ಚಿತ್ರ. (ನಮ್ಮ ಸೇವಂತಿಗೆಯ ಕುಟುಂಬದ್ದೇ ಹೂವು.) ಈ ಒಂದೇ ಚಿತ್ರಕ್ಕೆ ದಿನವೊಂದಕ್ಕೆ ಸುಮಾರು 9 ಕೋಟಿ ಕೋರಿಕೆಗಳು ಬರುತ್ತಿರುವುದು, ಸಿಂಗಪುರದ ತಮ್ಮ ಡೇಟಾ ಸೆಂಟರ್‌ಗೆ ಬರುವ ಚಿತ್ರಕೋರಿಕೆಗಳಲ್ಲಿ ಶೇ. 20ರಷ್ಟು ಇದರದ್ದೇ ಆಗಿರುವುದು 2021ರ ಫೆಬ್ರವರಿಯಲ್ಲಿ ವಿಕಿಮೀಡಿಯದ ಎಂಜಿನಿಯರುಗಳ ಗಮನಕ್ಕೆ ಬಂತು. ಕೋರಿಕೆಗಳು ಬರುತ್ತಿದ್ದುದು ಭಾರತದಿಂದ. ಇಷ್ಟೊಂದು ಭಾರತೀಯರಿಗೆ ಒಮ್ಮೆಗೇ ಪುಷ್ಪಪ್ರೇಮ ಉಕ್ಕಿತೇ ಎಂದು ಹುಡುಕುತ್ತ ಹೋದಾಗ ಸಿಕ್ಕಿದ್ದು ಇಲ್ಲಿ ಜನಪ್ರಿಯವಾಗಿದ್ದ ಒಂದು ಮೊಬೈಲ್ ಆ್ಯಪ್. ಅದು ತೆರೆದಾಗಲೆಲ್ಲ ಆ ಹೂವನ್ನು ತರಿಸಿಕೊಳ್ಳುತ್ತಿತ್ತು, ಆದರೆ ಪರದೆಯ ಮೇಲೆ ತೋರಿಸುತ್ತಿರಲಿಲ್ಲ.

ಕಾಮನ್ಸ್‌ನಲ್ಲಿ ಚಿತ್ರದ ಪುಟ ತೆರೆದವರ ಲೆಕ್ಕ ಬೇರೆ, ಚಿತ್ರದ ಕಡತಕ್ಕೆ ಬಂದ ಕೋರಿಕೆಗಳ ಲೆಕ್ಕ ಬೇರೆ. ಆ್ಯಪ್ ಪುಟವನ್ನು ಮುಟ್ಟದೆ ನೇರವಾಗಿ ಕಡತವನ್ನೇ ಕೇಳುತ್ತಿದ್ದರಿಂದ ಆ 9 ಕೋಟಿ ಸೇರಿದ್ದು ಎರಡನೆಯ ಲೆಕ್ಕಕ್ಕೆ ಮಾತ್ರ. ಪುಟಗಳ ಲೆಕ್ಕ ಕೇಳುವ ಆಡ್-ಆನ್‌ನಲ್ಲಿ ಆ ಕೋಟಿಗಳ ಸುಳಿವೂ ಸಿಗದು; ಕಡತಗಳ ಲೆಕ್ಕ ಕೇಳುವ ಆಡ್-ಆನ್‌ನಲ್ಲಿ ಅದೇ ಹೂವು ಜಗತ್ತಿನ ಕಣ್ಮಣಿ.