ಹೊಳಿ ದಾಟೋ ಹುಡುಗ ಒಲಿಂಪಿಕ್ಸ್‌ಗೆ ಹೋಗ್ತಾನಾ?

ಪ್ರಶ್ನೆ: "ಸರ, ನಮ್ಮ ಮಗಗ ಒಂಬತ್ತು ವರ್ಷ. ದಸರಾ ಸೂಟಿಯೊಳಗ ಅವರ ಅಜ್ಜನ ಊರಾಗ ಕೃಷ್ಣಾ ಹೊಳಿ ಈಸಿ ಆಚೀ ದಂಡಿಗೆ ಹೋಗಿ ಬರ್ತಾನ. ಕೊಲ್ಲಾಪುರದ ಖಾಡೆ ಸಣ್ಣ ವಯಸ್ಸಿನ್ಯಾಗ ಒಲಿಂಪಿಕ್ಸ್‌ಗೆ ಹೋಗಿದ್ರಂತಲ್ಲ, ನಮ್ಮ ಹುಡುಗನೂ ಹೋಗಬಹುದಾ? ಏನ ಮಾಡಬೇಕು?" (ರಾಯಬಾಗ ತಾಲ್ಲೂಕಿನ ಓದುಗರು)

ಈ ಪ್ರಶ್ನೆ ನನಗೆ ಹೊಸದಲ್ಲ. ಊರು ಬದಲಾಗುತ್ತದೆ, ಹೊಳೆ ಬದಲಾಗುತ್ತದೆ, ಪ್ರಶ್ನೆ ಮಾತ್ರ ಅದೇ. ಗೋಕಾಕದವರು ಘಟಪ್ರಭಾ ಅಂತಾರೆ, ಸವದತ್ತಿಯವರು ಮಲಪ್ರಭಾ ಅಂತಾರೆ, ಜಮಖಂಡಿಯವರು ಹಿಪ್ಪರಗಿ ಬ್ಯಾರೇಜಿನ ಹಿನ್ನೀರು ಅಂತಾರೆ. ಶಾಲೆಯಲ್ಲಿ ಪಿ.ಟಿ. ಮಾಸ್ತರನಾಗಿದ್ದಾಗಲೂ ಕೇಳಿದ್ದೆ. ನಿವೃತ್ತಿಯಾದ ಮೇಲೆ ಬೆಳಗಾವಿಯಲ್ಲಿ ಬೆಳಿಗ್ಗೆ ಮಕ್ಕಳಿಗೆ ಈಜು ಹೇಳಿಕೊಡುವಾಗಲೂ ಕೇಳುತ್ತಿದ್ದೇನೆ. ಈ ಸಲ ಬರೆದೇ ಬಿಡುತ್ತೇನೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಓದಿ ಅಂತೀನಿ.

ಒಂಬತ್ತು ವರ್ಷಕ್ಕೆ ತಡವೇನೂ ಆಗಿಲ್ಲ. ಹುಡುಗ ಒಲಿಂಪಿಕ್ಸ್‌ಗೆ ಹೋಗಬಾರದು ಅಂತ ಯಾರೂ ಬರೆದಿಟ್ಟಿಲ್ಲ. ಆದರೆ ಹೋದರೆ ಅದು ಹೊಳೆ ದಾಟುತ್ತಾನೆ ಅನ್ನೋ ಕಾರಣಕ್ಕಲ್ಲ. ಇಷ್ಟಕ್ಕೇ ಮುಗಿಸಿದರೆ ನೀವು ಒಪ್ಪುವುದಿಲ್ಲ ಅಂತ ಗೊತ್ತು.

ಖಾಡೆಯವರ ಹೆಸರು ತೆಗೆದಿದ್ದು ಒಳ್ಳೆಯದೇ ಆಯಿತು. ಬೆಳಗಾವಿಯಿಂದ ಕೊಲ್ಲಾಪುರ ಸುಮಾರು 110 ಕಿಲೋಮೀಟರ್. ನಮ್ಮ ಕಡೆಯ ಹುಡುಗ ಅಂತಲೇ ನಾವು ಅಂದುಕೊಂಡಿದ್ದೇವೆ. ಈಜುಗಾರ ವೀರಧವಲ ಖಾಡೆ ಹುಟ್ಟಿದ್ದು 1991ರ ಆಗಸ್ಟ್ 29ರಂದು. ಬೀಜಿಂಗ್ ಒಲಿಂಪಿಕ್ಸ್ ನಡೆದದ್ದು 2008ರ ಆಗಸ್ಟ್‌ನಲ್ಲಿ. ಅಂದರೆ ಕೊಳಕ್ಕೆ ಧುಮುಕಿದಾಗ ಅವರಿಗೆ 17 ತುಂಬಲು ಇನ್ನೂ ಕೆಲವು ದಿನ ಬಾಕಿ. 50, 100, 200 ಮೀಟರ್ ಫ್ರೀಸ್ಟೈಲ್, ಮೂರರಲ್ಲೂ ಈಜಿದರು. ಸೆಮಿಫೈನಲ್‌ಗೆ ಹೋಗಲಿಲ್ಲ. ಇದನ್ನು ಯಾಕೆ ಹೇಳ್ತೀನಿ ಅಂದರೆ, "ಖಾಡೆ ಒಲಿಂಪಿಕ್ಸ್ ಗೆದ್ದು ಬಂದ್ರು" ಅಂತ ಹೇಳೋರನ್ನೂ ನಾನು ನೋಡಿದ್ದೇನೆ.

ಆದರೆ ಒಂದು ಮಾತು ಎಲ್ಲರೂ ಬಿಟ್ಟು ಬಿಡುತ್ತಾರೆ. ಆ ಹುಡುಗ ಪಂಚಗಂಗಾ ಹೊಳೆಯಿಂದ ಎದ್ದು ಸೀದಾ ಬೀಜಿಂಗ್‌ಗೆ ಹೋಗಲಿಲ್ಲ. ಊರು ಬಿಟ್ಟು ಬೆಂಗಳೂರಿಗೆ ಬಂದು, ಕೋಚ್ ನಿಹಾರ್ ಅಮೀನ್ ಅವರ ಹತ್ತಿರ ತರಬೇತಿ ಪಡೆದರು. ನಮ್ಮೂರ ದಾರಿಯಲ್ಲೇ ಹಾದು ಹೋಗಿರಬೇಕು. ನಮಗೆ ಕಂಡಿದ್ದು ಮಾತ್ರ ಟೀವಿಯಲ್ಲಿ.

ಈಗ ಹೊಳೆಯ ಮಾತಿಗೆ ಬರೋಣ. ಇದೊಂದನ್ನು ಬಿಡಿಸಿ ಹೇಳದೆ ನನಗೆ ಸಮಾಧಾನವಿಲ್ಲ.

ನಾನೂ ಹೊಳೆಯಲ್ಲೇ ಕಲಿತವನು. ಸೊಂಟಕ್ಕೆ ಖಾಲಿ ಡಬ್ಬಿ ಕಟ್ಟಿ ಮೊದಲು ಬಾವಿಗೆ ಇಳಿಸಿದರು, ಆಮೇಲೆ ಘಟಪ್ರಭೆಗೆ. ಆದ್ದರಿಂದ ಹೊಳೆ ಈಜನ್ನು ಹೀಯಾಳಿಸ್ತೀನಿ ಅಂತ ದಯವಿಟ್ಟು ತಿಳಿಯಬೇಡಿ. ಹೊಳೆ ದಾಟುವುದು ಒಂದು ವಿದ್ಯೆ. ಅದರ ಗುರಿ ಮುಳುಗದೆ ಆಚೆ ದಂಡೆ ಮುಟ್ಟುವುದು. ಅದಕ್ಕೇ ತಲೆ ಮೇಲಿರಬೇಕು, ಸೆಳವು ಕಾಣಬೇಕು, ದಮ್ಮು ಉಳಿಸಿಕೊಳ್ಳಬೇಕು, ನೀರು ಎಳೆದರೆ ಅದರ ಜೊತೆಗೇ ಓರೆಯಾಗಿ ಹೋಗಬೇಕು. 50 ಮೀಟರ್ ಫ್ರೀಸ್ಟೈಲ್‌ನ ಗುರಿ ಇದಕ್ಕೆ ತಿರುಗುಮುರುಗು. ಅಲ್ಲಿ ದಮ್ಮು ಉಳಿಸಬಾರದು. 22-23 ಸೆಕೆಂಡಿನಲ್ಲಿ ಇದ್ದದ್ದೆಲ್ಲ ಸುಟ್ಟು ಹಾಕಬೇಕು.

ಲೆಕ್ಕ ಹಾಕೋಣ. ನಿಮ್ಮೂರ ಹತ್ತಿರ ಹೊಳೆ 300 ಮೀಟರ್ ಅಗಲ ಅಂದುಕೊಳ್ಳಿ. ಹುಡುಗ ಹತ್ತು ನಿಮಿಷಕ್ಕೆ ದಾಟಿದ, ಊರೆಲ್ಲ ಚಪ್ಪಾಳೆ ಹೊಡೆಯಿತು. ಹತ್ತು ನಿಮಿಷಕ್ಕೆ 300 ಅಂದರೆ 50 ಮೀಟರ್‌ಗೆ 100 ಸೆಕೆಂಡ್. ಖಾಡೆಯವರು ಅದೇ 50 ಮೀಟರ್‌ಗೆ ತೆಗೆದುಕೊಂಡದ್ದು ಇಪ್ಪತ್ತೆರಡೂವರೆ ಸೆಕೆಂಡಿಗಿಂತ ಕಡಿಮೆ. ನಿಮ್ಮ ಹುಡುಗ ಒಂದು ಸಲ ಮುಟ್ಟುವಷ್ಟರಲ್ಲಿ ಅವರು ನಾಲ್ಕು ಸಲ ಮುಟ್ಟಿರುತ್ತಾರೆ.

"ಇಲ್ರೀ ಸರ, ನಮ್ಮವ ಭಾಳ ಜೋರ್ ಹೋಗ್ತಾನ" ಅಂತೀರಿ. ಯಾವ ಕಡೆಗೆ? ಹೊಳೆ ಹರಿಯುವ ಕಡೆಗಾದರೆ ಅರ್ಧ ಕೆಲಸ ಹೊಳೆಯೇ ಮಾಡುತ್ತದೆ. ನೀರು ಸೆಕೆಂಡಿಗೆ ಒಂದು ಮೀಟರ್ ಹರಿಯುತ್ತಿದ್ದರೆ ಕೊಬ್ಬರಿ ಚಿಪ್ಪೂ ಅಷ್ಟೇ ವೇಗದಲ್ಲಿ ಹೋಗುತ್ತದೆ. ಅದನ್ನೂ ಒಲಿಂಪಿಕ್ಸ್‌ಗೆ ಕಳಿಸೋಣವಾ?

ಇನ್ನು ತಲೆ. ಹೊಳೆಯಲ್ಲಿ ಈಜುವ ನಮ್ಮ ಮಕ್ಕಳೆಲ್ಲ ತಲೆ ಎತ್ತಿಕೊಂಡೇ ಈಜುತ್ತಾರೆ. ತಲೆ ಮೇಲೆ ಬಂದರೆ ಸೊಂಟ, ಕಾಲು ಕೆಳಗೆ ಹೋಗುತ್ತವೆ. ಮೈ ನೀರಿಗೆ ಅಡ್ಡ ನಿಂತ ಹಾಗೆ. ನೀರು ಹಿಂದಕ್ಕೆ ತಳ್ಳುತ್ತದೆ. ಅದೂ ಸುಮ್ನೆ ತಳ್ಳುವುದಿಲ್ಲ, ವೇಗ ಎರಡು ಪಟ್ಟಾದರೆ ತಡೆ ಸುಮಾರು ನಾಲ್ಕು ಪಟ್ಟಾಗುತ್ತದೆ. ಅದಕ್ಕೇ ಸ್ಪರ್ಧೆಯ ಈಜುಗಾರ ಮೊದಲು ಕಲಿಯುವುದು ಜೋರಾಗಿ ಕೈ ಬಡಿಯುವುದನ್ನಲ್ಲ. ಮುಖ ನೀರಲ್ಲಿಟ್ಟು ಮೈಯನ್ನು ಹಲಗೆಯ ಹಾಗೆ ನೆಟ್ಟಗೆ ಇಡುವುದನ್ನು. ಇದು ಬರಲು ತಿಂಗಳುಗಳು ಬೇಕು. ಹೊಳೆಯಲ್ಲಿ ಐದು ವರ್ಷ ಈಜಿದವನಿಗೆ ಇನ್ನೂ ಜಾಸ್ತಿ ಬೇಕು, ಯಾಕೆಂದರೆ ಹಳೆಯದನ್ನು ಮರೆಸಬೇಕಲ್ಲ.

ಮತ್ತೆ ಗೋಡೆ. ಹೊಳೆಗೆ ದಂಡೆ ಇರುತ್ತದೆ, ಗೋಡೆ ಇರುವುದಿಲ್ಲ. ಕೊಳದಲ್ಲಿ ಸ್ಟಾರ್ಟಿಂಗ್ ಬ್ಲಾಕ್‌ನಿಂದ ಹಾರಬೇಕು, ನೀರೊಳಗೆ ಮೀನಿನ ಹಾಗೆ ಕಿಕ್ ಹೊಡೆಯುತ್ತ ಹೋಗಬೇಕು, 15 ಮೀಟರ್ ದಾಟುವುದರೊಳಗೆ ತಲೆ ಮೇಲೆ ಬರಬೇಕು. 100 ಮೀಟರ್ ಆದರೆ ಗೋಡೆ ಹತ್ತಿರ ಪಲ್ಟಿ ಹೊಡೆದು ತಿರುಗಬೇಕು. ಈ ಟರ್ನ್ ಕಲಿಯುವಾಗ ಮೂಗಿಗೆ ನೀರು ಹೋಗಿ ಅಳದ ಮಗುವನ್ನು ನಾನಂತೂ ನೋಡಿಲ್ಲ.

ಕೆಲವು ವರ್ಷದ ಹಿಂದೆ ಅಥಣಿ ಕಡೆಯಿಂದ ಒಬ್ಬ 14 ವರ್ಷದ ಹುಡುಗನನ್ನು ಕರೆತಂದರು. ಅಪ್ಪ, ಕಾಕಾ, ಊರ ಹಿರಿಯರು, ಒಂದು ಕ್ರೂಸರ್ ತುಂಬಾ ಜನ. ಹುಡುಗ ಮೂಗು ಹಿಡಿದು ಕಾಲು ಕೆಳಗೆ ಮಾಡಿ ಧುಮುಕಿದ. ತಲೆ ಎತ್ತಿಕೊಂಡು ದಬದಬ ಕೈ ಬಡಿಯುತ್ತ ಹೊರಟ. ಅರ್ಧ ದಾರಿವರೆಗೆ ಕಾಕಾನ ಕೂಗು ಜೋರಾಗಿತ್ತು. ಗೋಡೆ ಮುಟ್ಟಿದಾಗ ನನ್ನ ಸ್ಟಾಪ್‌ವಾಚ್‌ನಲ್ಲಿ 52 ಸೆಕೆಂಡ್. ಪಕ್ಕದ ಲೇನಿನಲ್ಲಿದ್ದ 11 ವರ್ಷದ ಹುಡುಗಿಗೆ 38. ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದು, "ಔಷಧ ಹಾಕಿದ ನೀರು ಕೈಗೆ ಸಿಗೂದಿಲ್ರೀ ಸರ" ಅಂದರು. ಹುಡುಗ ಮಾತ್ರ ನೀರಿನಿಂದ ಏಳಲೇ ಇಲ್ಲ. ಕಂಬಿ ಹಿಡಿದುಕೊಂಡು ಆ ಹುಡುಗಿಯನ್ನೇ ನೋಡುತ್ತಾ, "ಸರ, ಆಕಿ ಉಸಿರು ಯಾವಾಗ ತಗೋತಾಳ್ರಿ?" ಅಂತ ಕೇಳಿದ. ಅವತ್ತೇ ಅವನನ್ನು ಸೇರಿಸಿಕೊಂಡೆ. ಎರಡು ವರ್ಷದಲ್ಲಿ 30 ಸೆಕೆಂಡಿಗೆ ಬಂದ. ಪದಕ ಬರಲಿಲ್ಲ. ಆದರೆ 22 ಸೆಕೆಂಡ್ ಇಳಿಸಿದ್ದು ನಾನು ಮತ್ತು ಅವನು, ಅದನ್ನು ಹೇಳಿಕೊಳ್ಳಲು ನನಗೆ ನಾಚಿಕೆ ಇಲ್ಲ.

2020ರಲ್ಲಿ ಕಂಬಳದ ಶ್ರೀನಿವಾಸ ಗೌಡರ ವಿಷಯದಲ್ಲೂ ಹೀಗೇ ಆಯಿತಲ್ಲ. ಕೋಣಗಳ ಜೊತೆ ಕೆಸರು ಗದ್ದೆಯಲ್ಲಿ ಓಡಿದ್ದನ್ನು 100 ಮೀಟರ್‌ಗೆ ಭಾಗಿಸಿ, ಉಸೇನ್ ಬೋಲ್ಟ್‌ನ 9.58 ಸೆಕೆಂಡ್ ಮುರಿದೇಬಿಟ್ಟರು ಅಂತ ದೇಶವೇ ಕುಣಿಯಿತು. ಟ್ರಯಲ್ಸ್‌ಗೆ ಕರೆಯೂ ಬಂತು. ಅವರೇ ಎಲ್ಲರಿಗಿಂತ ಜಾಣರು. ಕಂಬಳವೇ ಬೇರೆ, ಟ್ರ್ಯಾಕ್ ಓಟವೇ ಬೇರೆ ಅಂತ ಹೇಳಿ ಟ್ರಯಲ್ಸ್‌ಗೆ ಹೋಗಲಿಲ್ಲ.

ಒಬ್ಬರು ನನ್ನನ್ನು ಸೋಲಿಸಲು ಬಂದಿದ್ದರು: "ಒಲಿಂಪಿಕ್ಸ್‌ನ್ಯಾಗ ಹೊಳಿ ಈಜೂ ಐತಲ್ರಿ?" ಇದೆ. 10 ಕಿಲೋಮೀಟರ್ ಈಜು 2008ರಿಂದ ಇದೆ, 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸೇನ್ ನದಿಯಲ್ಲೇ ನಡೆಯಿತು. ಗಂಡಸರಲ್ಲಿ ಗೆದ್ದವರ ಸಮಯ ಸುಮಾರು 1 ಗಂಟೆ 51 ನಿಮಿಷ. ಅಂದರೆ ಪ್ರತಿ 50 ಮೀಟರ್‌ಗೆ ಸುಮಾರು 33 ಸೆಕೆಂಡ್, ಅದೂ ಇನ್ನೂರು ಸಲ, ನಿಲ್ಲದೆ. ಅವರೂ ವರ್ಷವಿಡೀ ಬೆವರು ಸುರಿಸುವುದು ಕೊಳದಲ್ಲೇ. ನಮ್ಮ ಕೃಷ್ಣೆ ಜುಲೈ-ಆಗಸ್ಟ್‌ನಲ್ಲಿ ಹೊಲಕ್ಕೆ ನುಗ್ಗುತ್ತಾಳೆ, ಏಪ್ರಿಲ್-ಮೇನಲ್ಲಿ ಕೊಯ್ನಾದಿಂದ ನೀರು ಬಿಡಿ ಅಂತ ಮಹಾರಾಷ್ಟ್ರಕ್ಕೆ ಪತ್ರ ಬರೆಯಬೇಕು. ಅಭ್ಯಾಸ ಯಾವಾಗ ಮಾಡ್ತೀರಿ?

ಇನ್ನೊಬ್ಬರು ಆರತಿ ಸಾಹಾ ಅವರ ಹೆಸರು ತೆಗೆದರು. ಸರಿ, ಆಕೆ ಕಲ್ಕತ್ತಾದಲ್ಲಿ ನಾಲ್ಕನೇ ವಯಸ್ಸಿಗೆ ಚಂಪಾತಲಾ ಘಾಟ್‌ನಲ್ಲೇ ಈಜು ಕಲಿತದ್ದು. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ 200 ಮೀಟರ್ ಬ್ರೆಸ್ಟ್‌ಸ್ಟ್ರೋಕ್ ಈಜಿದಾಗ 12 ಕೂಡ ತುಂಬಿರಲಿಲ್ಲ. 1959ರಲ್ಲಿ ಇಂಗ್ಲಿಷ್ ಕಾಲುವೆ ದಾಟಿದರು, ಏಷ್ಯಾದ ಮೊದಲ ಮಹಿಳೆಯಾಗಿ. ಆದರೆ ಘಾಟ್‌ನಿಂದ ಅವರಪ್ಪ ಮಗಳನ್ನು ಹಾಟ್‌ಖೋಲಾ ಈಜು ಸಂಘಕ್ಕೆ ಸೇರಿಸಿದರು. ಐದನೇ ವಯಸ್ಸಿಗೆ ಸ್ಪರ್ಧೆಗೂ ಇಳಿಸಿದರು. ಘಾಟ್ ನೀರಿನ ಭಯ ತೆಗೆಯಿತು. ಉಳಿದದ್ದನ್ನು ಸಂಘ ಕಲಿಸಿತು. ನಿಮ್ಮ ಹುಡುಗನಿಗೂ ಹೊಳೆ ಅಷ್ಟು ಕೊಟ್ಟಿದೆ. ಪಟ್ಟಣದ ಮಕ್ಕಳಿಗೆ ಆ ಭಯ ಬಿಡಿಸಲು ನನಗೆ ಒಂದು ತಿಂಗಳು ಹೋಗುತ್ತದೆ. ಅದು ಉಳಿಯಿತು.

ವಯಸ್ಸಿನ ಬಗ್ಗೆ ಎರಡು ಮಾತು. ಬೆಂಗಳೂರಿನ ಧಿನಿಧಿ ದೇಸಿಂಗು ಪ್ಯಾರಿಸ್‌ನಲ್ಲಿ 200 ಮೀಟರ್ ಫ್ರೀಸ್ಟೈಲ್ ಈಜಿದಾಗ 14 ವರ್ಷ. ಮೈಕೆಲ್ ಫೆಲ್ಪ್ಸ್ 2000ದಲ್ಲಿ ಸಿಡ್ನಿಗೆ ಹೋದಾಗ 15, ಪದಕವಿಲ್ಲದೆ ಐದನೆಯವನಾಗಿ ಮರಳಿದ. ಇತ್ತ ಡಾರಾ ಟೊರೆಸ್ 2008ರಲ್ಲಿ 41ನೇ ವಯಸ್ಸಿಗೆ 50 ಮೀಟರ್‌ನಲ್ಲಿ ಬೆಳ್ಳಿ ಗೆದ್ದರು. ಬೇಗ ಶುರು ಮಾಡಿದರೆ ನೀರಿನ ಹದ ಬೇಗ ಸಿಗುತ್ತದೆ, ಅಷ್ಟೇ. ಹತ್ತು ವರ್ಷಕ್ಕೇ ಜಿಲ್ಲೆಗೆ ಫಸ್ಟ್ ಬಂದವನು ಎಷ್ಟೋ ಸಲ ಉಳಿದವರಿಗಿಂತ ಬೇಗ ಉದ್ದ ಬೆಳೆದವನಾಗಿರುತ್ತಾನೆ. ಹದಿನಾರಕ್ಕೆ ಎಲ್ಲರೂ ಬೆಳೆದು ನಿಂತಾಗ ಅವನು ಬೇಜಾರಾಗಿ ಕೊಳ ಬಿಡುತ್ತಾನೆ.

ಖಾಡೆಯವರ ಕತೆಯಲ್ಲಿ ನನಗೆ ಹೆಚ್ಚು ಹಿಡಿಸುವುದು ಬೀಜಿಂಗ್ ಅಲ್ಲ, ಆಮೇಲಿನದು. 2010ರ ಗುವಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ 50 ಮೀಟರ್ ಬಟರ್‌ಫ್ಲೈ ಕಂಚು ಗೆದ್ದರು. 1986ರಲ್ಲಿ ಖಜಾನ್ ಸಿಂಗ್ ಬೆಳ್ಳಿ ಗೆದ್ದ ಮೇಲೆ ಏಷ್ಯನ್ ಗೇಮ್ಸ್ ಈಜಿನಲ್ಲಿ ಭಾರತಕ್ಕೆ ಪದಕ ಬಂದದ್ದು ಆಗಲೇ, 24 ವರ್ಷಕ್ಕೆ. ಆದರೆ ಆ 50 ಮೀಟರ್ ಬಟರ್‌ಫ್ಲೈ ಒಲಿಂಪಿಕ್ಸ್‌ನಲ್ಲಿ ಇರಲೇ ಇಲ್ಲ. 2028ರ ಲಾಸ್ ಏಂಜಲೀಸ್‌ಗೆ ಈಗ ಸೇರಿಸಿದ್ದಾರೆ. ನಂತರ ಖಾಡೆಯವರಿಗೆ ನೌಕರಿ, ಕೊಳದಿಂದ ದೂರ. ಮತ್ತೆ ಮರಳಿ ಬಂದು 2018ರ ಜಕಾರ್ತ ಏಷ್ಯನ್ ಗೇಮ್ಸ್‌ನಲ್ಲಿ 50 ಮೀಟರ್ ಫ್ರೀಸ್ಟೈಲ್ ಹೀಟ್ಸ್‌ನಲ್ಲಿ, ಅಂದರೆ ಮೊದಲ ಸುತ್ತಿನಲ್ಲಿ, 22.43 ಸೆಕೆಂಡ್, ರಾಷ್ಟ್ರೀಯ ದಾಖಲೆ. ಫೈನಲ್‌ನಲ್ಲಿ 22.47. ಕಂಚು ಗೆದ್ದ ಜಪಾನಿನವರಿಗೆ 22.46. ಒಂದು ಸೆಕೆಂಡಿನ ನೂರನೇ ಒಂದು ಭಾಗ. ಆ ವೇಗದಲ್ಲಿ ಅದು ಎರಡು ಸೆಂಟಿಮೀಟರ್ ಚಿಲ್ಲರೆ. ಕೈ ಬೆರಳು ಸ್ವಲ್ಪ ಚಾಚಿದ್ದರೆ ಸಿಗುತ್ತಿತ್ತು. "ಆಚೀ ದಂಡಿ ಮುಟ್ಟಿ ಬರ್ತಾನ" ಅನ್ನುವವರಿಗೆ ನಾನು ಪ್ರತಿ ಸಲ ಹೇಳುವುದು ಈ ಎರಡು ಸೆಂಟಿಮೀಟರ್ ಕತೆಯನ್ನೇ.

ನೌಕರಿ ಅಂದೆನಲ್ಲ. ಈ ಪ್ರಶ್ನೆಯನ್ನು ಯಾರೂ ಬರೆದು ಕಳಿಸುವುದಿಲ್ಲ. ತಾಯಂದಿರು ಮಾತ್ರ ಗೇಟಿನ ಹೊರಗೆ, ಸ್ಕೂಟಿ ಚಾಲೂ ಮಾಡುವಾಗ ಮೆಲ್ಲಗೆ ಕೇಳ್ತಾರೆ: "ಸರ, ಇದರಿಂದ ಮುಂದ ಏನರ ನೌಕರಿ ಆಗತೈತೇನ್ರಿ?" ಆಗುತ್ತದೆ. ಖಾಡೆಯವರು ಮಹಾರಾಷ್ಟ್ರದಲ್ಲಿ ತಹಶೀಲ್ದಾರ್ ಆದರು. ಕೇರಳದ ಈಜುಗಾರ ಸಾಜನ್ ಪ್ರಕಾಶ್ ಪೊಲೀಸ್ ಅಧಿಕಾರಿ. ರೈಲ್ವೆಯಲ್ಲಿ ಕ್ರೀಡಾ ಕೋಟಾ ಇದೆ. ತಹಶೀಲ್ದಾರ್ ಅಂದ ಕೂಡಲೇ ತಾಯಂದಿರ ಮುಖ ಅರಳುತ್ತದೆ, ಫೀಸು ಮರುದಿನವೇ ಬರುತ್ತದೆ. ಆದರೆ ಅದೇ ಕುರ್ಚಿ ಮನುಷ್ಯನನ್ನು ನೀರಿನಿಂದ ದೂರ ಮಾಡಿತು ಅನ್ನೋದನ್ನೂ ನಾನು ಸೇರಿಸುತ್ತೇನೆ. ಇಪ್ಪತ್ತರ ಆಸುಪಾಸು ಈಜುಗಾರನಿಗೆ ಕಡಲೆ-ಬೆಲ್ಲದಂಥ ಕಾಲ. ಅದು ಫೈಲಿನಲ್ಲಿ ಕಳೆದರೆ ಮತ್ತೆ ಸಿಗುವುದಿಲ್ಲ. ಖಾಡೆಯವರು 2023ರ ಗೋವಾ ರಾಷ್ಟ್ರೀಯ ಕ್ರೀಡಾಕೂಟದಲ್ಲಿ, 32ನೇ ವಯಸ್ಸಿಗೆ, 50 ಮೀಟರ್ ಫ್ರೀಸ್ಟೈಲ್ ಗೆದ್ದೇ ವಿದಾಯ ಹೇಳಿದರು. ಮಹಿಳೆಯರ 50 ಮೀಟರ್ ಗೆದ್ದದ್ದು ಅವರ ಹೆಂಡತಿ ಋಜುತಾ. ಎಲ್ಲರಿಗೂ ಇಂಥ ಎರಡನೇ ಸಲ ಸಿಗುತ್ತದೆ ಅಂತ ನಂಬಿಕೊಂಡು ಕೂಡಬೇಡಿ.

ಸರಿ, ರಾಯಬಾಗದ ಓದುಗರೇ, ನೀವು ಕೇಳಿದ್ದು "ಏನ ಮಾಡಬೇಕು" ಅಂತ. ಹುಡುಗನನ್ನು 50 ಮೀಟರ್ ಕೊಳ ಇರುವ ಕಡೆಗೆ ಕರೆತನ್ನಿ. ಬೆಳಗಾವಿಯಲ್ಲಿ ಕೆಎಲ್‌ಇ ಆವರಣದ ಸುವರ್ಣ ಜೆಎನ್‌ಎಂಸಿ ಕೊಳ ಇದೆ. ಮೊದಲ ಆರು ತಿಂಗಳು ಯಾವ ಸ್ಪರ್ಧೆಯೂ ಬೇಡ. ಬರ್ಮುಡಾ ನಡೆಯುವುದಿಲ್ಲ, ಈಜು ಚಡ್ಡಿ, ಟೋಪಿ, ಕನ್ನಡಕ ಬೇಕು. ಜನನ ಪ್ರಮಾಣಪತ್ರದ ಒಂದು ಜೆರಾಕ್ಸ್ ಇರಲಿ, ಮುಂದೆ ವಯಸ್ಸಿನ ಗುಂಪಿಗೆ ಅದು ಬೇಕೇ ಬೇಕು. ಕ್ರೂಸರ್ ತುಂಬಾ ಜನ ಬರುವುದು ಬೇಡ. ಅವನು ಮತ್ತು ನೀವು ಬಂದರೆ ಸಾಕು.