ಕೋಟೆಯ ಬಾಗಿಲಲ್ಲಿ 'ಓಕೆ': ಫ್ಯಾಂಟಸಿ ಗೇಮ್‌ಗಳ ಮಾತು ಎಷ್ಟು ಹಳೆಯದಿರಬೇಕು?

2024ರ ಅಕ್ಟೋಬರ್ 31ರಂದು ಬಿಡುಗಡೆಯಾದ ಬಯೋವೇರ್ ಸಂಸ್ಥೆಯ 'ಡ್ರ್ಯಾಗನ್ ಏಜ್: ದ ವೇಲ್‌ಗಾರ್ಡ್' ವಿಡಿಯೊ ಗೇಮ್‌ನಲ್ಲಿ ಊಟದ ಮೇಜಿನ ಸುತ್ತ ನಡೆಯುವ ಒಂದು ದೃಶ್ಯವಿದೆ. ಡ್ರ್ಯಾಗನ್‌ಗಳನ್ನು ಬೇಟೆಯಾಡುವ ಟ್ಯಾಶ್ ಎಂಬ ಪಾತ್ರ ತನ್ನ ತಾಯಿಯೆದುರು ಕುಳಿತು, ತಾನು ಗಂಡೂ ಅಲ್ಲ ಹೆಣ್ಣೂ ಅಲ್ಲ ಎಂಬುದನ್ನು ತಿಳಿಸಲು 'ನಾನ್‌ಬೈನರಿ' ಎಂಬ ಪದವನ್ನು ಬಳಸುತ್ತದೆ. ಈ ಪದವನ್ನು ಕೇಳಿಯೇ ಇರದ ತಾಯಿ ತಮ್ಮ ಕುನಾರಿ ಜನಾಂಗದ ನುಡಿಯಲ್ಲಿರುವ 'ಅಕುನ್-ಅತ್ಲೋಕ್' ಎಂಬ ಮಾತನ್ನು ಮುಂದಿಡುತ್ತಾಳೆ. ಟ್ಯಾಶ್ ಅದನ್ನು ಒಪ್ಪುವುದಿಲ್ಲ. ಹತ್ತು ವರ್ಷಗಳ ಹಿಂದೆ, 2014ರ 'ಡ್ರ್ಯಾಗನ್ ಏಜ್: ಇನ್‌ಕ್ವಿಸಿಷನ್'ನಲ್ಲಿ, ಹುಟ್ಟಿದ ಲಿಂಗವೊಂದು, ಬದುಕುವ ಲಿಂಗ ಮತ್ತೊಂದು ಆಗಿರುವವರನ್ನು ಕುರಿತು ಹೇಳಲು ಇದೇ ಸರಣಿ ಸ್ವತಃ ಹೊಸೆದಿದ್ದ ಪದ ಅದು.

ಬಿಡುಗಡೆಯ ನಂತರ ಎದ್ದ ಗದ್ದಲದಲ್ಲಿ ಅಂಥ ಪಾತ್ರವೇ ಇರಬಾರದಿತ್ತು ಎಂದವರೂ ಇದ್ದರು. ಆ ಜಗಳ ಭಾಷೆಯದ್ದಲ್ಲವಾದ್ದರಿಂದ ಇಲ್ಲಿ ಬಿಟ್ಟುಬಿಡೋಣ. ಉಳಿದವರ ತಕರಾರು ಬೇರೆಯಾಗಿತ್ತು. ಇಂಥ ಜನ ಆ ಲೋಕದಲ್ಲಿ ಇದ್ದಾರೆಂಬುದನ್ನು ಸರಣಿ ಎಂದೋ ಒಪ್ಪಿಕೊಂಡಿತ್ತು, ಅವರ ಬಗ್ಗೆ ಮಾತನಾಡುವ ಒಂದು ದಾರಿಯನ್ನೂ ಕಡಿದಿತ್ತು. ಅದೇ ದಾರಿಯಲ್ಲಿ ಇನ್ನೂ ನಾಲ್ಕು ಹೆಜ್ಜೆ ಹಾಕಿ ಮತ್ತೊಂದು ಪದವನ್ನು ಕಟ್ಟುವ ಬದಲು, ಇಪ್ಪತ್ತೊಂದನೆಯ ಶತಮಾನದ ಇಂಗ್ಲಿಷಿನಿಂದ ಸಿದ್ಧಪದವನ್ನು ಎತ್ತಿ ತಂದದ್ದೇಕೆ? ನನಗೆ ಈ ಪ್ರಶ್ನೆ ನ್ಯಾಯವಾಗಿಯೇ ಕಾಣುತ್ತದೆ. ಆದರೆ ಇದರ ಬೆನ್ನಿಗೇ ಬರುವ ವಾದವೊಂದಿದೆ. ಹಿಂದಿನ ಗೇಮ್‌ಗಳ ಪಾತ್ರಗಳು 'ಆ ಕಾಲದ' ಭಾಷೆಯಲ್ಲಿಯೇ ಮಾತನಾಡುತ್ತಿದ್ದವು, ಈಗಿನವು ಮಾತ್ರ ಕೆಟ್ಟಿವೆ ಎಂಬ ಆ ವಾದವನ್ನು ನಂಬುವ ಮುನ್ನ ಹಳೆಯ ಕಡತಗಳನ್ನು ಸ್ವಲ್ಪ ತಿರುವಿಹಾಕಬೇಕು.

ಇಲ್ಲದ ಕಾಲಕ್ಕೊಂದು ಭಾಷೆ ಬೇಕೆಂಬ ತೊಡಕು ಗೇಮ್‌ಗಳಿಗಿಂತ ಬಹಳ ಹಿಂದಿನದು. ವಾಲ್ಟರ್ ಸ್ಕಾಟ್ 1819ರ ಕೊನೆಯಲ್ಲಿ 'ಐವನ್‌ಹೋ' ಕಾದಂಬರಿಯನ್ನು ಹೊರತಂದಾಗ, ಹನ್ನೆರಡನೆಯ ಶತಮಾನದ ಕಥೆಯನ್ನು ಹನ್ನೆರಡನೆಯ ಶತಮಾನದ ಭಾಷೆಯಲ್ಲಿ ಬರೆದರೆ ಓದುವವರಿರುವುದಿಲ್ಲ, ಹಾಗೆಂದು ತೀರಾ ಇತ್ತೀಚಿನದೆಂದು ಗುರುತಾಗುವ ಪದಗಳನ್ನೂ ಬಳಸಲಾಗದು ಎಂಬ ಮಧ್ಯಮಾರ್ಗವನ್ನು ಅದರ ಅರ್ಪಣಾಪತ್ರದಲ್ಲಿಯೇ ವಿವರಿಸಿದ್ದ. ಆ ಕಾದಂಬರಿಯಲ್ಲಿ ಕೂಲಿಗೆ ಕಾದುವ ಸೈನಿಕರಿಗೆ ಆತ 'ಫ್ರೀ ಲ್ಯಾನ್ಸ್' ಎಂದು ಹೆಸರಿಟ್ಟ. ಕೇಳಲು ಭರ್ಜಿ-ಕುದುರೆಗಳ ಕಾಲದ್ದೆಂದೇ ತೋರುವ ಈ ಪದಕ್ಕೆ ಅದಕ್ಕಿಂತ ಹಳೆಯ ಬಳಕೆ ತಿಳಿದುಬಂದಿಲ್ಲ. ಇಂದು ಸಂಸ್ಥೆಗಳಿಗೆ ಬಿಡಿಯಾಗಿ ಸಂಭಾಷಣೆ ಬರೆದುಕೊಡುವ ಫ್ರೀಲ್ಯಾನ್ಸ್ ಲೇಖಕರಿಗೆ ಅದೇ ಹೆಸರು ಅಂಟಿಕೊಂಡಿದೆ.

ಸ್ಕಾಟನ ನಂತರದವರಿಗೆ ಅವನ ಸಂಯಮವಿರಲಿಲ್ಲ. 1888ರ ಹೊತ್ತಿಗೆ ಹೀಗೆ ಕೃತಕವಾಗಿ ಹಳೆಯದಾಗಿಸಿದ ಬರವಣಿಗೆಗೆ 'ವಾರ್ಡರ್ ಸ್ಟ್ರೀಟ್ ಇಂಗ್ಲಿಷ್' ಎಂಬ ಅಡ್ಡಹೆಸರೇ ಬಿತ್ತು. ಪುರಾತನವೆಂದು ತೋರುವಂತೆ ಮಾಡಿದ ನಕಲಿ ಪೀಠೋಪಕರಣಗಳಿಗೆ ಆಗ ಲಂಡನ್ನಿನ ಆ ಬೀದಿ ಹೆಸರಾಗಿತ್ತು; ಕವಿ ವಿಲಿಯಂ ಮಾರಿಸ್ ಮಾಡಿದ, ಹೋಮರನ 'ಒಡಿಸ್ಸಿ' ಮಹಾಕಾವ್ಯದ ಅನುವಾದವನ್ನು ವಿಮರ್ಶಕರೊಬ್ಬರು ಆ ಮಾಲಿಗೆ ಹೋಲಿಸಿದ್ದರು. ಈ ತಗಾದೆ ಇಂಗ್ಲಿಷಿನವರ ಸ್ವತ್ತೇನಲ್ಲ. ಹಳೆಯ ಕಾವ್ಯಗಳಲ್ಲಿ ಸೊಗಸಾಗಿ ಕಾಣುವ ಹಳಗನ್ನಡವನ್ನು ಹೊಸ ಕಾವ್ಯದೊಳಗೆ ತುರುಕಿದರೆ ರುಚಿ ಕೆಡುತ್ತದೆಂದು ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ' ಹೇಳಿದೆ, ಅದೂ ಸಭೆಯಲ್ಲಿ ಉಲ್ಲೇಖಿಸಲು ಸಂಕೋಚವಾಗುವಂಥ ಹೋಲಿಕೆಯೊಂದನ್ನು ಕೊಟ್ಟು.

ಇಪ್ಪತ್ತನೆಯ ಶತಮಾನದಲ್ಲಿ ಈ ಚರ್ಚೆಗೆ ತೂಕ ಬಂದದ್ದು ಇಬ್ಬರಿಂದ. 'ದ ಲಾರ್ಡ್ ಆಫ್ ದ ರಿಂಗ್ಸ್' ಬರೆದ ಟೋಲ್ಕಿನ್ 1955ರ ಪತ್ರವೊಂದರ ಕರಡಿನಲ್ಲಿ, ತನ್ನ ವೃದ್ಧ ರಾಜನೊಬ್ಬನ ಮಾತನ್ನು ಬೇಕೆಂದೇ ಅಂದಿನ ಆಡುಭಾಷೆಗೆ ಇಳಿಸಿ ತೋರಿಸಿ, ಹೀಗೆ ಮಾತನಾಡುವ ಮನುಷ್ಯನ ತಲೆಯಲ್ಲಿ ಆ ಬಗೆಯ ಯೋಚನೆಯೇ ಹುಟ್ಟುವುದಿಲ್ಲವೆಂದು ವಾದಿಸಿದರು. ಪದ ಬದಲಾದರೆ ಬದಲಾಗುವುದು ಅಲಂಕಾರವಲ್ಲ, ಮನಸ್ಸು ಎಂಬುದು ಅವರ ನಿಲುವು. (ಅವರದೇ ಮಹಾಕಥನದ ಮೊದಲ ಅಧ್ಯಾಯದಲ್ಲಿ ಬಾಣಬಿರುಸಿನ ಡ್ರ್ಯಾಗನ್ ಎಕ್ಸ್‌ಪ್ರೆಸ್ ರೈಲಿನಂತೆ ಹಾದುಹೋಗುತ್ತದೆ, ರೈಲೇ ಇಲ್ಲದ ಲೋಕದಲ್ಲಿ ಈ ಉಪಮೆ ನಿರೂಪಕನದ್ದು, ಪಾತ್ರದ್ದಲ್ಲ ಎಂದು ಅಭಿಮಾನಿಗಳು ಸಮಾಧಾನ ಹೇಳಿಕೊಳ್ಳುತ್ತಾರೆ.) 1973ರಲ್ಲಿ ಫ್ಯಾಂಟಸಿ ಲೇಖಕಿ ಅರ್ಸುಲಾ ಲೆ ಗ್ವಿನ್ ಪ್ರಬಂಧವೊಂದರಲ್ಲಿ ಇನ್ನೊಂದು ಪ್ರಯೋಗ ಮಾಡಿದರು: ಆಗಿನ ಫ್ಯಾಂಟಸಿ ಕಾದಂಬರಿಯೊಂದರ ಸಂಭಾಷಣೆಯಲ್ಲಿ ಬೆರಳೆಣಿಕೆಯ ಪದಗಳನ್ನಷ್ಟೇ ಬದಲಿಸಿ, ಅದನ್ನು ವಾಷಿಂಗ್ಟನ್ನಿನ ರಾಜಕಾರಣಿಗಳ ಮಾತುಕತೆಯಾಗಿ ಮಾಡಿಬಿಟ್ಟರು. ಅದೇ ಪ್ರಬಂಧದಲ್ಲಿ ಅವರು ಹಳೆಯ ಶೈಲಿಯ ಅನುಕರಣೆಯನ್ನು ಹಗ್ಗದ ಮೇಲಿನ ನಡಿಗೆಗೆ ಹೋಲಿಸಿ, ಒಂದು ಹೆಜ್ಜೆ ತಪ್ಪಿದರೂ ಎಲ್ಲವೂ ಕೆಟ್ಟಿತೆಂದು ಎಚ್ಚರಿಸಿದ್ದರು. ಅವರನ್ನು ಉಲ್ಲೇಖಿಸುವ ಗೇಮ್‌ಪ್ರಿಯರು ಸಾಮಾನ್ಯವಾಗಿ ಈ ಎರಡನೆಯ ಭಾಗವನ್ನು ಮರೆಯುತ್ತಾರೆ.

ಹೆಜ್ಜೆ ತಪ್ಪಿದ ಉದಾಹರಣೆಗಳಿಂದಲೇ ಗೇಮ್‌ಗಳ ಕಥೆ ಶುರುವಾಗುತ್ತದೆ. 1985ರ 'ಅಲ್ಟಿಮಾ 4' ಆಟಗಾರನನ್ನು 'ಯೂ' ಎನ್ನದೆ ಹಳೆಯ ಇಂಗ್ಲಿಷಿನ 'ದೌ' ಎಂದು ಕರೆದು ಅವನ ಸದ್ಗುಣಗಳನ್ನು ಪರೀಕ್ಷಿಸುತ್ತಿತ್ತು. ಜಪಾನಿನಲ್ಲಿ 1986ರಲ್ಲಿ ಬಂದ 'ಡ್ರ್ಯಾಗನ್ ಕ್ವೆಸ್ಟ್' ಮೂರು ವರ್ಷಗಳ ನಂತರ 'ಡ್ರ್ಯಾಗನ್ ವಾರಿಯರ್' ಎಂಬ ಹೆಸರಿನಲ್ಲಿ ಅಮೆರಿಕ ತಲುಪಿದಾಗ, ಅದರ ಕರ್ತೃ ಯೂಜಿ ಹೊರಿಯಿ ಸರಳ ಜಪಾನಿಯಲ್ಲಿ ಬರೆದಿದ್ದ ಸಾಲುಗಳು ಷೇಕ್ಸ್‌ಪಿಯರನ ಕಾಲದ ಇಂಗ್ಲಿಷಿನ ವೇಷ ತೊಟ್ಟಿದ್ದವು. ಅಂದರೆ ಒಂದಿಡೀ ಪೀಳಿಗೆ 'ಹಳೆಯ ಗೇಮ್‌ಗಳ ಹಳೆಯ ಭಾಷೆ' ಎಂದು ನೆನೆಸಿಕೊಳ್ಳುವುದು ಮೂಲದಲ್ಲಿ ಇಲ್ಲದ, ಅನುವಾದದಲ್ಲಿ ಮೆತ್ತಿದ ಬಣ್ಣವನ್ನು. 2000ದಲ್ಲಿ ಗೇಮ್‌ಬಾಯ್ ಕಲರ್‌ಗಾಗಿ ಬಂದ ಆವೃತ್ತಿ ಆ ಬಣ್ಣವನ್ನು ಕೆರೆದುಹಾಕಿತು. ಮುಂದಿನ ಆವೃತ್ತಿಗಳು ಮತ್ತೆ ಬಳಿದವು.

ಈ ಅನುಕರಣೆಗಳಲ್ಲಿ ಕಾಣುವ ಸಾಮಾನ್ಯ ತಪ್ಪು ಕನ್ನಡಿಗರಿಗೆ ಇಂಗ್ಲಿಷರಿಗಿಂತ ಬೇಗ ಹೊಳೆಯುತ್ತದೆ. ಇಂದಿನ ಕಿವಿಗೆ 'ದೌ' ಎಂಬುದು ಗಂಭೀರವಾಗಿ, ಗೌರವಸೂಚಕವಾಗಿ ಕೇಳಿಸುತ್ತದೆ. ಹದಿನಾರು-ಹದಿನೇಳನೆಯ ಶತಮಾನಗಳಲ್ಲಿ ಅದು 'ನೀನು' ಆಗಿತ್ತು, 'ಯೂ' ಎಂಬುದೇ 'ನೀವು'. ಹೀಗಿರುವಾಗ ಕಾವಲುಗಾರನೊಬ್ಬ ರಾಣಿಯ ಮುಂದೆ ಮಂಡಿಯೂರಿ ಆಕೆಯನ್ನು 'ದೌ' ಎಂದು ಸಂಬೋಧಿಸಿದರೆ ಆತ ಏಕವಚನ ಪ್ರಯೋಗಿಸಿದಂತೆಯೇ. ಹಾಗೆಯೇ ಪ್ರಥಮ ಪುರುಷಕ್ಕೆ ಸೇರಬೇಕಾದ '-ಎತ್' ಪ್ರತ್ಯಯವನ್ನು ಕಂಡ ಕಂಡ ಕ್ರಿಯಾಪದಕ್ಕೆಲ್ಲ ಅಂಟಿಸುವುದು 'ನಾನು ಹೋಗುತ್ತಾನೆ' ಎಂದಷ್ಟೇ ಶುದ್ಧ. ಕೋಟೆಯ ಬಾಗಿಲಿಗೆ ಶತ್ರುಸೈನ್ಯ ಬಂದಿದೆ, ಕಾವಲುಗಾರ ತನ್ನ ದಂಡನಾಯಕನಿಗೆ ಸುದ್ದಿ ಮುಟ್ಟಿಸಬೇಕು ಎಂದಿಟ್ಟುಕೊಳ್ಳಿ. 'ಸರ್, ಸಿಚುಯೇಷನ್ ಸ್ವಲ್ಪ ಸೀರಿಯಸ್ ಆಗಿದೆ' ಎಂದರೆ ಕೋಟೆ ಕಚೇರಿಯಾಗುತ್ತದೆ. 'ಎಲೈ ದಂಡನಾಯಕನೇ, ವೈರಿಪಡೆಯು ದ್ವಾರಕ್ಕೆ ಬಂದಿಹುದು' ಎಂದರೆ ಹಳೆಯದಾಗಿ ಕೇಳಿಸುತ್ತದೆ ನಿಜ, ಆದರೆ 'ಎಲೈ' ಎಂದು ಮೇಲಧಿಕಾರಿಯನ್ನು ಕರೆದವನ ಗತಿಯೇನು? 'ದಂಡನಾಯಕರೇ, ಬಾಗಿಲಿಗೆ ಬಂದುಬಿಟ್ಟಿದ್ದಾರೆ. ಎಣಿಸಲಾಗದಷ್ಟು ಜನ' ಎಂಬ ಮೂರನೆಯ ಸಾಲಿನಲ್ಲಿ 'ದಂಡನಾಯಕ'ವೊಂದನ್ನು ಬಿಟ್ಟರೆ ಹಳೆಯ ಪದವೇ ಇಲ್ಲ. ಆದರೂ ಆ ಕಾವಲುಗಾರ ಗೋಡೆಯ ಮೇಲಿಂದ ಓಡಿ ಬಂದವನೆಂದು ಅನ್ನಿಸುತ್ತದೆ.

ಈ ಮೂರನೆಯ ದಾರಿಯನ್ನು ಕಂಡುಕೊಂಡವರು ಗೇಮ್‌ಲೋಕದಲ್ಲಿ ತೊಂಬತ್ತರ ದಶಕದ ಕೊನೆಯ ಹೊತ್ತಿಗೆ ಕಾಣಿಸಿಕೊಂಡರು. 1999ರ 'ಪ್ಲೇನ್‌ಸ್ಕೇಪ್: ಟಾರ್ಮೆಂಟ್' ರಾಜಾಸ್ಥಾನದ ಮಾತನ್ನು ಬಿಟ್ಟು ಹಳೆಯ ಇಂಗ್ಲೆಂಡಿನ ಕಳ್ಳಕಾಕರ ಗುಪ್ತನುಡಿಯಿಂದ ಪದಗಳನ್ನು ಹೆಕ್ಕಿದ ಬೀದಿಭಾಷೆಯನ್ನು ಪಾತ್ರಗಳಿಗೆ ಕೊಟ್ಟಿತು. 2000ದ 'ವೇಗ್ರಂಟ್ ಸ್ಟೋರಿ'ಯನ್ನು ಇಂಗ್ಲಿಷಿಗೆ ತಂದ ಅಲೆಕ್ಸಾಂಡರ್ ಒ. ಸ್ಮಿತ್ ಪದಕ್ಕಿಂತ ವಾಕ್ಯದ ಲಯದಲ್ಲಿ ಹಳೆಯತನವನ್ನು ತುಂಬಿದರು. 1998ರಲ್ಲಿ ಎಡವಟ್ಟು ಇಂಗ್ಲಿಷ್ ಅನುವಾದದಲ್ಲಿ ಬಂದಿದ್ದ 'ಫೈನಲ್ ಫ್ಯಾಂಟಸಿ ಟ್ಯಾಕ್ಟಿಕ್ಸ್' 2007ರಲ್ಲಿ ಸ್ಮಿತ್ ಮತ್ತು ಜೋಸೆಫ್ ರೀಡರ್ ಅವರ ಕೈಯಲ್ಲಿ ಮರುಹುಟ್ಟು ಪಡೆದಾಗ, ಹೊಸ ಅನುವಾದದ ಗಾಂಭೀರ್ಯವನ್ನು ಮೆಚ್ಚಿದವರಷ್ಟೇ ಅಲ್ಲ, ಹಳೆಯದರ ಒರಟು ನೇರತನವೇ ಹೆಚ್ಚು ನಾಟುತ್ತಿತ್ತು ಎಂದವರೂ ಇದ್ದರು.

ಹಾಗಾದರೆ ಹೊಸ ಮಾತು ಎಲ್ಲಿಂದ ನುಗ್ಗಿತು? ಒಂದರ್ಥದಲ್ಲಿ ಅದು ಮೊದಲಿನಿಂದಲೂ ಮನೆಯೊಳಗೇ ಇತ್ತು. ಈ ಪ್ರಕಾರದ ಗೇಮ್‌ಗಳಿಗೆ ಮೂಲವಾದದ್ದು 1974ರಲ್ಲಿ ಬಂದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್'. ಗೆಳೆಯರು ಮೇಜಿನ ಸುತ್ತ ಕುಳಿತು, ಮಾಂತ್ರಿಕನಾಗಿಯೋ ಕಳ್ಳನಾಗಿಯೋ ಪಾತ್ರ ವಹಿಸುತ್ತಲೇ ತಮ್ಮ ನಿತ್ಯದ ಭಾಷೆಯಲ್ಲಿ ಹಾಸ್ಯ ಮಾಡಿಕೊಳ್ಳುವ ಆಟ ಅದು. 2023ರ 'ಬಾಲ್ಡರ್ಸ್ ಗೇಟ್ 3'ರ ಸಂಗಾತಿಗಳ ಮಾತು ಎಷ್ಟೋ ಕಡೆ ಇಂದಿನದೇ. ಅಷ್ಟಾಗಿಯೂ ಅದು ಕಿವಿಗೆ ಚುಚ್ಚುವುದಿಲ್ಲವೆಂದರೆ, ಆ ಮೇಜಿನ ಸಲಿಗೆ ಮೊದಲ ದೃಶ್ಯದಿಂದಲೇ ಅಲ್ಲಿದೆ, ಮತ್ತು ಯಾವ ಪಾತ್ರವೂ ಇನ್ನೊಂದರ ದನಿಯಲ್ಲಿ ಮಾತನಾಡುವುದಿಲ್ಲ. 1990ರ 'ಮಂಕಿ ಐಲ್ಯಾಂಡ್'ನಲ್ಲಿ ಕಡಲ್ಗಳ್ಳರ ದ್ವೀಪದ ಮೇಲೆ ಪಾನೀಯ ಮಾರುವ ಯಂತ್ರ ನಿಂತಿರುತ್ತದೆ. ಅಲ್ಲಿ ಕಾಲದ ಅಡ್ಡಾದಿಡ್ಡಿಯೇ ನಗೆಯ ಮೂಲವಾದ್ದರಿಂದ ದೂರಿಗೆ ಎಡೆಯಿಲ್ಲ.

ಎರಡನೆಯ ಕಾರಣ ಗೇಮ್‌ನ ಯಂತ್ರಾಂಗಕ್ಕೇ ಸೇರಿದ್ದು. ಕಾದಂಬರಿಯ ಓದುಗ ಸುಮ್ಮನೆ ಕೇಳಿಸಿಕೊಂಡರೆ ಸಾಕು, ಗೇಮ್ ಆಡುವವನು ಉತ್ತರಿಸಬೇಕು. ಪರದೆಯ ಮೇಲೆ ಮೂರು ಉತ್ತರಗಳು ಮೂಡಿದಾಗ ಯಾವುದು ವಿನಯ, ಯಾವುದು ಬೆದರಿಕೆ, ಯಾವುದು ಕುಚೋದ್ಯ ಎಂಬುದು ಕ್ಷಣದಲ್ಲಿ ತಿಳಿಯಬೇಕು. 2007ರ 'ಮಾಸ್ ಎಫೆಕ್ಟ್' ಬಳಕೆಗೆ ತಂದ, ಉತ್ತರಗಳನ್ನು ವೃತ್ತದ ಸುತ್ತ ಜೋಡಿಸಿಡುವ ಸಂಭಾಷಣಾ ಚಕ್ರದಲ್ಲಂತೂ ಇಡೀ ಮಾತು ಎರಡು-ಮೂರು ಪದಗಳ ಸಾರಾಂಶವಾಗಿ ಕುಗ್ಗಿತು. ಇಂಥ ಕಡೆ ಲೇಖಕನ ಕೈ ತಾನಾಗಿಯೇ ಇಂದಿನ ಮಾತಿನತ್ತ ಚಾಚುತ್ತದೆ. ಬಿಲ್ಲುಗಾರರ ಸಾಲಿನ ಹಿಂದೆ ನಿಂತ ಸೇನಾಪತಿ 'ಫೈರ್!' ಎಂದು ಕೂಗುವುದಕ್ಕೂ ಇದೇ ಕಾರಣ. ಆ ಆಜ್ಞೆ ಹುಟ್ಟಿದ್ದು ಮದ್ದಿಗೆ ಬೆಂಕಿ ತಾಗಿಸುವ ಬಂದೂಕಿನಿಂದ. ಬಿಲ್ಲಿಗೆ ಬೆಂಕಿಯ ಹಂಗಿಲ್ಲ, ಅದರ ಸರಿಯಾದ ಪದ 'ಲೂಸ್', ಅಂದರೆ 'ಬಿಡಿ'.

ಮೂರನೆಯದು ಧಾಟಿಗೆ ಸಂಬಂಧಿಸಿದ್ದು, ನನ್ನ ಮಟ್ಟಿಗೆ ನಿಜವಾದ ದೋಷ ಇರುವುದು ಇಲ್ಲಿಯೇ. ಅಪಾಯ ಎದುರಾದ ಪ್ರತಿ ಸಲವೂ ಪಾತ್ರಗಳು ಅದನ್ನು ಹೊರಗೆ ನಿಂತು ನೋಡುವ ಪ್ರೇಕ್ಷಕರಂತೆ ಒಂದು ಚಟಾಕಿ ಹಾರಿಸುವ ರೂಢಿ ಕಿರುತೆರೆಯಿಂದಲೂ ಸೂಪರ್‌ಹೀರೋ ಸಿನಿಮಾಗಳಿಂದಲೂ ಗೇಮ್‌ಗಳಿಗೆ ಹರಿದುಬಂತು. 2023ರ ಜನವರಿಯಲ್ಲಿ ಬಂದ 'ಫೋರ್‌ಸ್ಪೋಕನ್'ನ ಪ್ರಚಾರದ ತುಣುಕೊಂದು ಅದಕ್ಕೂ ಮುನ್ನ 2022ರಲ್ಲಿ ನಗೆಪಾಟಲಾದದ್ದು ಇದಕ್ಕಾಗಿಯೇ. ನಾಯಕಿ ಫ್ರೇ ನ್ಯೂಯಾರ್ಕಿನವಳು, ಮಾಂತ್ರಿಕ ಲೋಕಕ್ಕೆ ಆಕಸ್ಮಿಕವಾಗಿ ಬಿದ್ದವಳು. ಲೆಕ್ಕಕ್ಕೆ ತೆಗೆದುಕೊಂಡರೆ ಅವಳ ಮಾತಿನಲ್ಲಿ ಕಾಲದೋಷವೇ ಇಲ್ಲ. ಆದರೂ ಜನ ನಕ್ಕರು. ಕಣ್ಣೆದುರಿನ ಅದ್ಭುತವನ್ನು ಬೆರಗಿನ ಬದಲು ವ್ಯಂಗ್ಯದಿಂದ ವಿವರಿಸುವ ಆ ದನಿಯನ್ನು ಅವರು ಅಷ್ಟರಲ್ಲಾಗಲೇ ನೂರು ಕಡೆ ಕೇಳಿ ದಣಿದಿದ್ದರು.

ಪದಗಳ ವಯಸ್ಸನ್ನೇ ಹಿಡಿದು ಹೊರಟರೆ ಲೆಕ್ಕ ಎಲ್ಲಿಯೂ ಹೊಂದುವುದಿಲ್ಲ. ಬಾಸ್ಟನ್ನಿನ ಪತ್ರಿಕೆಯೊಂದರಲ್ಲಿ 1839ರಲ್ಲಿ ಮೊದಲು ಅಚ್ಚಾದ 'ಓಕೆ'ಯನ್ನು ಹೊರಗಿಡಬೇಕೆಂದು ಎಲ್ಲರೂ ಒಪ್ಪಿಯಾರು. ಆದರೆ 1944ರಲ್ಲಿ ರಾಫೆಲ್ ಲೆಮ್ಕಿನ್ ಟಂಕಿಸಿದ 'ಜೆನೊಸೈಡ್' (ಜನಾಂಗಹತ್ಯೆ) ಎಂಬ ಪದವನ್ನು ಮಾಂತ್ರಿಕನೊಬ್ಬ ಗಂಭೀರವಾಗಿ ಉಚ್ಚರಿಸಿದರೆ ಹೆಚ್ಚಿನವರಿಗೆ ಏನೂ ಅನ್ನಿಸುವುದಿಲ್ಲ. ಇದಕ್ಕೆ ತದ್ವಿರುದ್ಧವಾದ ಪ್ರಕರಣವೂ ಇದೆ. ಟಿಫನಿ ಎಂಬ ಹೆಸರು ಮಧ್ಯಯುಗದ್ದೇ, 'ಥಿಯೊಫೇನಿಯಾ'ದಿಂದ ಬಂದದ್ದು. ಆದರೆ ಇಂಗ್ಲಿಷ್ ಕಿವಿಗೆ ಅದು ಇಂದಿನ ಹೆಸರೆಂದೇ ಕೇಳಿಸುವುದರಿಂದ ಮಧ್ಯಯುಗದ ಕಥೆಯಲ್ಲಿ ಅದನ್ನು ಬಳಸಿದರೆ ಓದುಗ ನಂಬುವುದಿಲ್ಲ. ಲೇಖಕಿ ಜೋ ವಾಲ್ಟನ್ ಇದನ್ನು 'ಟಿಫನಿ ಸಮಸ್ಯೆ' ಎಂದು ಕರೆದರು. ನಿಜವಾದ ಹಳೆಯದು ಬೇಡ, ನಮಗೆ ಹಳೆಯದೆಂದು ತೋರುವುದು ಸಾಕು. ಸ್ಕಾಟನ 'ಫ್ರೀ ಲ್ಯಾನ್ಸ್' ಸಲೀಸಾಗಿ ದಾಟಿಕೊಂಡದ್ದೂ ಇದೇ ಬಾಗಿಲಿನಿಂದ.

ಆಧುನಿಕ ಮಾತಿನ ಪರವಾಗಿ ಹೂಡುವ ಮುಖ್ಯ ವಾದ, ಆ ಲೋಕದವರು ಆಡುತ್ತಿರುವುದು ಇಂಗ್ಲಿಷೇ ಅಲ್ಲ, ನಮಗೆ ಕೇಳಿಸುತ್ತಿರುವುದು ಅನುವಾದ ಎಂಬುದು. ಟೋಲ್ಕಿನ್ ಕೂಡ ತಮ್ಮ ಕೃತಿಯ ಅನುಬಂಧದಲ್ಲಿ ಇದೇ ನೆಪವನ್ನು ಹೂಡಿದ್ದರು. ವಾದದಲ್ಲಿ ಹುರುಳಿದೆ. ಆದರೆ ಅನುವಾದಕನ ಕೆಲಸವೇನೆಂದು ಬಲ್ಲವರಿಗೆ ಅದು ರಿಯಾಯಿತಿಯಂತೆ ಕಾಣದು, ಹೊಣೆಯಂತೆ ಕಾಣುತ್ತದೆ. ಇಂಗ್ಲಿಷಿನಲ್ಲಿ ಬರೆದ ಗೇಮ್ ಫ್ರೆಂಚ್, ಜರ್ಮನ್, ಪೋಲಿಷ್ ಮುಂತಾದ ನುಡಿಗಳಿಗೆ ಹೋಗುವಾಗ ಸಂಭಾಷಣೆಗಳು ಕೋಷ್ಟಕದ ಬಿಡಿಬಿಡಿ ಸಾಲುಗಳಾಗಿ ಅನುವಾದಕರ ಕೈ ಸೇರುತ್ತವೆ. 'ಯೂ ಓಕೆ?' ಎಂಬ ಸಾಲೊಂದು ಬಂತೆನ್ನಿ. 'ಓಕೆ' ದೊಡ್ಡ ತೊಡಕಲ್ಲ, ಬದಲಿ ಪದ ಸಿಕ್ಕೇ ಸಿಗುತ್ತದೆ. ಆದರೆ ಆ 'ಯೂ' ನೀನೋ ನೀವೋ? ಗಾಯಗೊಂಡ ರಾಣಿಯ ಬಳಿಗೆ ಓಡಿಬಂದ ಅಂಗರಕ್ಷಕ ಆ ಗಳಿಗೆಯಲ್ಲಿ ಬಹುವಚನವನ್ನು ಮರೆತನೇ, ಮರೆತಿದ್ದರೆ ಅದು ಗಾಬರಿಯೋ ಸಲಿಗೆಯೋ ಎಂದು ಅನುವಾದಕ ಸ್ಟುಡಿಯೊಗೆ ಬರೆದು ಕೇಳಬೇಕಾಗುತ್ತದೆ. ಮೂಲ ಬರೆದವರು ಆ ಪ್ರಶ್ನೆಯನ್ನು ಎಷ್ಟೋ ಸಲ ಮೊದಲು ಎದುರಿಸುವುದು ಆ ಪತ್ರ ತಲುಪಿದಾಗಲೇ.