ಓಡುವ ಹುಡುಗಿಯ ರಕ್ತದಲ್ಲಿ ಎಳೆದ ಗೆರೆ

1985ರಲ್ಲಿ ಸ್ಪೇನಿನ ಹರ್ಡಲ್ಸ್ ಓಟಗಾರ್ತಿ ಮರಿಯಾ ಹೊಸೆ ಮಾರ್ಟಿನೆಸ್ ಪಟಿನ್ಯೊ ಜಪಾನಿನ ಕೋಬೆಗೆ ಹೊರಟಾಗ ಒಂದು ಕಾಗದವನ್ನು ಮನೆಯಲ್ಲೇ ಮರೆತುಬಿಟ್ಟರು. ತಾನು ಹೆಣ್ಣು ಎಂದು ತೋರಿಸುವ ಸರ್ಟಿಫಿಕೇಟ್ ಅದು. ಎರಡು ವರ್ಷ ಹಿಂದೆ ಹೆಲ್ಸಿಂಕಿಯ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಪರೀಕ್ಷೆ ಮಾಡಿ ಕೊಟ್ಟಿದ್ದರು. ಆಗೆಲ್ಲ ದೊಡ್ಡ ಕೂಟಗಳಲ್ಲಿ ಓಡುವ ಹೆಣ್ಣುಮಕ್ಕಳು ಅದನ್ನು ಜೊತೆಗೆ ಒಯ್ಯಬೇಕಿತ್ತು. ಕಾಗದ ಇಲ್ಲದ್ದಕ್ಕೆ ಕೋಬೆಯ ವಿಶ್ವವಿದ್ಯಾಲಯ ಕ್ರೀಡಾಕೂಟದಲ್ಲಿ ಮತ್ತೆ ಪರೀಕ್ಷೆ ಮಾಡಿದರು. ಈ ಸಲ ಫಲಿತಾಂಶ ಬೇರೆ ಬಂತು. ಗಾಯವಾಗಿದೆ ಎಂದು ನೆಪ ಹೇಳಿ ಹಿಂದೆ ಸರಿಯಲು ತಂಡದ ಡಾಕ್ಟರ್ ಸೂಚಿಸಿದರು. ಅವತ್ತು ಅವರು ಪ್ರೇಕ್ಷಕರ ನಡುವೆ ಕೂತು ಗೆಳತಿಯರ ಓಟ ನೋಡಿದರು.

ಪಟಿನ್ಯೊ ಅವರ ಕ್ರೋಮೋಸೋಮ್ ಎಕ್ಸ್‌ವೈ. ಸಾಮಾನ್ಯವಾಗಿ ಗಂಡಸರಲ್ಲಿ ಇರುವಂಥದ್ದು. ದೇಹದೊಳಗೆ ವೃಷಣಗಳಿದ್ದವು, ಅವು ಗಂಡಸರಲ್ಲಿ ಹೆಚ್ಚಾಗಿರುವ ಟೆಸ್ಟೋಸ್ಟಿರಾನ್ ಹಾರ್ಮೋನನ್ನೂ ತಯಾರಿಸುತ್ತಿದ್ದವು. ಆದರೆ ಅವರ ಜೀವಕೋಶಗಳಿಗೆ ಆ ಹಾರ್ಮೋನ್ ತಾಗುವುದೇ ಇಲ್ಲ. ಬೀಗ ಕೆಟ್ಟ ಬಾಗಿಲಿಗೆ ಎಷ್ಟು ಕೀಲಿಕೈ ಇದ್ದರೇನು? ಹಾಗಾಗಿ ಅವರು ಹುಟ್ಟಿದ್ದೂ ಹೆಣ್ಣಾಗಿ, ಬೆಳೆದದ್ದೂ ಹೆಣ್ಣಾಗಿ. ಓಟದಲ್ಲಿ ಅವರಿಗೆ ಆ ಹಾರ್ಮೋನಿನಿಂದ ಒಂದು ಚೂರೂ ಲಾಭವಿರಲಿಲ್ಲ.

1986ರಲ್ಲಿ ರಾಷ್ಟ್ರೀಯ ಕೂಟದಿಂದ ಸದ್ದಿಲ್ಲದೆ ದೂರ ಉಳಿಯಲು ಹೇಳಿದರು. ಪಟಿನ್ಯೊ ಕೇಳಲಿಲ್ಲ. ಓಡಿದರು, 60 ಮೀಟರ್ ಹರ್ಡಲ್ಸ್ ಗೆದ್ದರು. ವಿಷಯ ಪತ್ರಿಕೆಗಳಿಗೆ ಸೋರಿತು. ಅಥ್ಲೀಟ್‌ಗಳ ಹಾಸ್ಟೆಲ್‌ನಿಂದ ಹೊರಗೆ ಹಾಕಿದರು. ವಿದ್ಯಾರ್ಥಿವೇತನ ನಿಂತಿತು, ದಾಖಲೆಗಳಿಂದ ಹೆಸರು ಹೋಯಿತು, ಮದುವೆಯಾಗಬೇಕಿದ್ದ ಹುಡುಗ ಬಿಟ್ಟುಹೋದ. ಫಿನ್ಲೆಂಡಿನ ತಳಿವಿಜ್ಞಾನಿ ಆಲ್ಬರ್ಟ್ ಡಿ ಲಾ ಶಪೆಲ್ ಅವರ ಪರ ನಿಂತರು. 1988ರಲ್ಲಿ ಮತ್ತೆ ಓಡಲು ಅನುಮತಿ ಸಿಕ್ಕಿತಾದರೂ ಒಳ್ಳೆಯ ವರ್ಷಗಳು ಕಳೆದುಹೋಗಿದ್ದವು. 1992ರ ಬಾರ್ಸಿಲೋನಾ ಒಲಿಂಪಿಕ್ಸ್ ಅರ್ಹತೆ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ತಪ್ಪಿತು.

ಈ ಕಥೆಯನ್ನೇ ಮೊದಲು ಹೇಳಿದ್ದಕ್ಕೆ ಕಾರಣ ಇದೆ. ಟೆಸ್ಟೋಸ್ಟಿರಾನ್ ವಿವಾದ ಅಂದ ಕೂಡಲೇ ನಮಗೆ ದಕ್ಷಿಣ ಆಫ್ರಿಕಾದ ಓಟಗಾರ್ತಿ ಕ್ಯಾಸ್ಟರ್ ಸೆಮೆನ್ಯಾ, ನಮ್ಮ ದೇಶದ ಓಟಗಾರ್ತಿ ದ್ಯುತಿ ಚಾಂದ್ ನೆನಪಾಗುತ್ತಾರೆ. ಆದರೆ ಮಹಿಳೆಯರ ಜೊತೆ ಯಾರು ಓಡಬಹುದು, ಯಾರು ಓಡಬಾರದು ಎಂದು ಗೆರೆ ಎಳೆಯುವ ಕೆಲಸ ಶುರುವಾಗಿ 60 ವರ್ಷ ಆಗಿದೆ. ಗೆರೆ ಎಳೆಯುವ ಸಾಧನ ಮಾತ್ರ ಬದಲಾಗುತ್ತಾ ಬಂದಿದೆ.

ಮೊದಲು ಕಣ್ಣಲ್ಲೇ ನೋಡುತ್ತಿದ್ದರು. 1966ರಲ್ಲಿ ಬುಡಾಪೆಸ್ಟ್‌ನ ಯುರೋಪಿಯನ್ ಚಾಂಪಿಯನ್‌ಷಿಪ್‌ಗೆ ಬಂದ ಮಹಿಳೆಯರು ಡಾಕ್ಟರ್‌ಗಳ ಮುಂದೆ ಬಟ್ಟೆ ಕಳಚಿ ನಿಲ್ಲಬೇಕಾಯಿತು. ಅದೇ ವರ್ಷ ಜಮೈಕಾದ ಕಿಂಗ್‌ಸ್ಟನ್‌ನ ಕಾಮನ್‌ವೆಲ್ತ್ ಕೂಟದಲ್ಲಿ ಕೈಯಿಂದ ಮುಟ್ಟಿಯೇ ಪರೀಕ್ಷೆ ಮಾಡಿದರು. ಅದು ತೀರಾ ಅವಮಾನ ಎಂದು ಕೂಗೆದ್ದ ಮೇಲೆ ಕ್ರೋಮೋಸೋಮ್ ಪರೀಕ್ಷೆ ಬಂತು. 1967ರಲ್ಲಿ ಪೋಲೆಂಡಿನ ಇವಾ ಕ್ಲೋಬುಕೋವ್ಸ್ಕಾ ಅದರಲ್ಲಿ ಫೇಲಾದರು. ಹಿಂದಿನ ವರ್ಷವಷ್ಟೇ ಅವರು ಬುಡಾಪೆಸ್ಟ್‌ನ ಆ ಕಣ್ಣಳತೆಯಲ್ಲಿ ಪಾಸಾಗಿದ್ದರು! 1968ರಿಂದ ಒಲಿಂಪಿಕ್ಸ್‌ನಲ್ಲೂ ಈ ಪರೀಕ್ಷೆ ಕಡ್ಡಾಯವಾಯಿತು.

ಹೆಣ್ಣಿನ ವೇಷದಲ್ಲಿ ಬರುವ ಗಂಡಸನ್ನು ಹಿಡಿಯುವುದು ಉದ್ದೇಶವಾಗಿತ್ತು. ಆದರೆ ಪರೀಕ್ಷೆಯ ಬಲೆಗೆ ಬಿದ್ದವರು ಪಟಿನ್ಯೊ ಅಂಥವರು. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಎಸ್‌ಆರ್‌ವೈ ಎಂಬ ಜೀನ್ ಹುಡುಕುವ ಪರೀಕ್ಷೆ ಮಾಡಿದರು. ಭ್ರೂಣದಲ್ಲಿ ವೃಷಣ ಬೆಳೆಯುವಂತೆ ಮಾಡುವ ಜೀನ್ ಅದು, ವೈ ಕ್ರೋಮೋಸೋಮಿನಲ್ಲಿರುತ್ತದೆ. 3387 ಮಹಿಳೆಯರಲ್ಲಿ 8 ಮಂದಿಯಲ್ಲಿ ಅದು ಸಿಕ್ಕಿತು. ವೈದ್ಯಕೀಯವಾಗಿ ನೋಡಿ ಎಂಟೂ ಮಂದಿಗೆ ಸ್ಪರ್ಧಿಸಲು ಬಿಟ್ಟರು. 1999ರಲ್ಲಿ ಒಲಿಂಪಿಕ್ ಸಮಿತಿ ಎಲ್ಲರಿಗೂ ಮಾಡುವ ಈ ಪರೀಕ್ಷೆಯನ್ನೇ ಕೈಬಿಟ್ಟಿತು. ಯಾರ ಮೇಲಾದರೂ ಅನುಮಾನ ಬಂದರೆ ಮಾತ್ರ ಪರೀಕ್ಷೆ ಎಂಬ ಪದ್ಧತಿ ಉಳಿಯಿತು.

ಆ ಅನುಮಾನದ ಬಿಸಿ ತಟ್ಟಿದ್ದು ನಮ್ಮ ಪಕ್ಕದ ಮನೆಗೆ. ತಮಿಳುನಾಡಿನ ಪುದುಕ್ಕೋಟ್ಟೈ ಜಿಲ್ಲೆಯ ಶಾಂತಿ ಸೌಂದರರಾಜನ್, ಇಟ್ಟಿಗೆ ಗೂಡಿನಲ್ಲಿ ದುಡಿಯುವ ದಲಿತ ಕುಟುಂಬದ ಮಗಳು. 2006ರ ಡಿಸೆಂಬರ್‌ನಲ್ಲಿ ದೋಹಾ ಏಷ್ಯನ್ ಗೇಮ್ಸ್‌ನ 800 ಮೀಟರ್ ಓಟದಲ್ಲಿ 2 ನಿಮಿಷ 3.16 ಸೆಕೆಂಡಿನಲ್ಲಿ ಬೆಳ್ಳಿ ಗೆದ್ದರು. ಅದರ ಬೆನ್ನಿಗೇ ಪರೀಕ್ಷೆ ಮಾಡಿ ಊರಿಗೆ ಕಳಿಸಿದರು. ತಾನು ಫೇಲಾದೆ ಎನ್ನುವುದು ಅವರಿಗೆ ಗೊತ್ತಾದದ್ದು ಟಿವಿ ಸುದ್ದಿಯಿಂದ. ಪದಕ ಹೋಯಿತು. ಮರುವರ್ಷ ಅವರು ಜೀವ ಕಳೆದುಕೊಳ್ಳಲು ಯತ್ನಿಸಿದರು. ಮುಂದೊಮ್ಮೆ ಮತ್ತೆ ಇಟ್ಟಿಗೆ ಗೂಡಿನಲ್ಲೇ ದಿನಗೂಲಿಗೆ ದುಡಿದರು. 2016ರಲ್ಲಿ ತಮಿಳುನಾಡು ಸರ್ಕಾರ ಕಾಯಂ ಕೋಚ್ ಹುದ್ದೆ ಕೊಟ್ಟಿತು. ದುಡ್ಡಿರುವ, ವಕೀಲರ ನಂಟಿರುವ ಮನೆಯ ಹುಡುಗಿಯಾಗಿದ್ದರೆ ಹೀಗೆ ನಡೆಯುತ್ತಿತ್ತಾ? ನನಗಂತೂ ನಂಬಿಕೆ ಇಲ್ಲ.

2009ರ ಆಗಸ್ಟ್, ಬರ್ಲಿನ್ ವಿಶ್ವ ಚಾಂಪಿಯನ್‌ಷಿಪ್. 18 ವರ್ಷದ ಸೆಮೆನ್ಯಾ 800 ಮೀಟರನ್ನು 1 ನಿಮಿಷ 55.45 ಸೆಕೆಂಡಿನಲ್ಲಿ ಗೆದ್ದರು. ಎರಡನೆಯವರಿಗಿಂತ ಎರಡು ಸೆಕೆಂಡಿಗೂ ಜಾಸ್ತಿ ಮುಂದೆ. ಫೈನಲ್‌ಗೆ ಕೆಲವೇ ಗಂಟೆ ಮುಂಚೆ ಅವರ ಲಿಂಗ ಪರೀಕ್ಷೆಗೆ ಸೂಚಿಸಿರುವ ಸಂಗತಿ ಲೋಕಕ್ಕೆಲ್ಲ ಗೊತ್ತಾಗಿತ್ತು. ಹತ್ತೊಂಬತ್ತು ತುಂಬದ ಹುಡುಗಿ, ದಕ್ಷಿಣ ಆಫ್ರಿಕಾದ ಲಿಂಪೊಪೊದ ಹಳ್ಳಿಯವಳು, ಚಿನ್ನ ಗೆದ್ದ ರಾತ್ರಿ ಇಡೀ ಜಗತ್ತು ಅವಳ ಮೈಯ ಬಗ್ಗೆ ಮಾತಾಡುತ್ತಿತ್ತು.

ಅದಾದ ಮೇಲೆ, 2011ರಲ್ಲಿ ಅಂತರರಾಷ್ಟ್ರೀಯ ಅಥ್ಲೆಟಿಕ್ಸ್ ಸಂಸ್ಥೆ ಹೊಸ ಗೆರೆ ಎಳೆಯಿತು. ಈ ಸಲ ಹಾರ್ಮೋನಿನಲ್ಲಿ. ಒಂದು ಲೀಟರ್ ರಕ್ತದಲ್ಲಿ ಟೆಸ್ಟೋಸ್ಟಿರಾನ್ 10 ನ್ಯಾನೊಮೋಲ್ (ತೀರಾ ಸಣ್ಣ ಪ್ರಮಾಣ ಅಳೆಯುವ ಮಾನ) ದಾಟಿದ್ದರೆ ಮಹಿಳೆಯರ ಜೊತೆ ಓಡುವಂತಿಲ್ಲ. ಔಷಧಿಯಿಂದಲೋ ಶಸ್ತ್ರಚಿಕಿತ್ಸೆಯಿಂದಲೋ ಇಳಿಸಿಕೊಂಡು ಬರಬೇಕು.

ಸಂಸ್ಥೆ ಕೊಡುವ ಲೆಕ್ಕ ಹೀಗಿದೆ. ಹೆಂಗಸರಲ್ಲಿ ಈ ಹಾರ್ಮೋನ್ 0.12ರಿಂದ 1.79 ನ್ಯಾನೊಮೋಲ್, ಗಂಡಸರಲ್ಲಿ 7.7ರಿಂದ 29.4. ಪಿಸಿಒಎಸ್ ಎಂಬ ಹಾರ್ಮೋನ್ ಏರುಪೇರಿನ ಸಮಸ್ಯೆ ಇರುವ ಹೆಣ್ಣುಮಕ್ಕಳಲ್ಲಿ ಸ್ವಲ್ಪ ಜಾಸ್ತಿ ಇದ್ದರೂ ಸಾಮಾನ್ಯವಾಗಿ 5 ದಾಟುವುದಿಲ್ಲ. ಹುಡುಗರು ಪ್ರಾಯಕ್ಕೆ ಬರುವಾಗ ಇದೇ ಹಾರ್ಮೋನ್ ಮೂಳೆ, ಸ್ನಾಯು ಬಲಿಸುತ್ತದೆ, ರಕ್ತದ ಹಿಮೋಗ್ಲೋಬಿನ್ ಏರಿಸುತ್ತದೆ. ಓಟದಲ್ಲಿ ಗಂಡಸರಿಗೂ ಹೆಂಗಸರಿಗೂ ಸುಮಾರು 10ರಿಂದ 12 ಶೇಕಡಾ ಅಂತರ ಬರುವುದು ಹೆಚ್ಚಾಗಿ ಇದರಿಂದಲೇ. ಮಹಿಳೆಯರಿಗೆ ಬೇರೆ ಓಟ ಇಟ್ಟಿರುವುದೂ ಇದಕ್ಕೇ. ಆ ವಿಭಾಗ ಇಲ್ಲದಿದ್ದರೆ ಪಿ.ಟಿ. ಉಷಾ ಹೆಸರನ್ನು ನಾವು ಕೇಳುತ್ತಲೇ ಇರಲಿಲ್ಲ. ಹಾಗಾಗಿ ವಿಭಾಗಕ್ಕೊಂದು ಗಡಿ ಬೇಕು ಅನ್ನುವ ಮಾತು ಸುಳ್ಳಲ್ಲ.

2016ರ ರಿಯೊ ಒಲಿಂಪಿಕ್ಸ್‌ನ 800 ಮೀಟರ್ ಫೈನಲ್ ನೆನೆಸಿಕೊಳ್ಳಿ. ಸೆಮೆನ್ಯಾಗೆ ಚಿನ್ನ, ಬುರುಂಡಿಯ ಫ್ರಾನ್ಸಿನ್ ನಿಯೊನ್ಸಾಬಾಗೆ ಬೆಳ್ಳಿ, ಕೀನ್ಯಾದ ಮಾರ್ಗರೆಟ್ ವಂಬುಯಿಗೆ ಕಂಚು. ಮುಂದೆ ಬಂದ ನಿಯಮ ಮೂವರಿಗೂ ಈ ಓಟದ ಬಾಗಿಲು ಮುಚ್ಚಿತು. ಅವತ್ತು ಆರನೆಯವರಾಗಿ ಬಂದ ಬ್ರಿಟನ್ನಿನ ಲಿನ್ಸಿ ಶಾರ್ಪ್ ಅಲ್ಲಿವರೆಗಿನ ತನ್ನ ಅತಿ ವೇಗದ ಓಟ ಓಡಿ ಕ್ಯಾಮೆರಾ ಮುಂದೆ ಅತ್ತರು. ಜೀವಮಾನವೆಲ್ಲ ಬೆವರು ಸುರಿಸಿದ ಹೆಣ್ಣುಮಗಳ ಅಳು ಅದು. ಅದನ್ನು ಹೊಟ್ಟೆಕಿಚ್ಚು ಅಂತ ತಳ್ಳಿಹಾಕುವುದು ಸರಿಯಲ್ಲ.

ಆದರೆ ಇನ್ನೊಂದು ಮಗ್ಗುಲೂ ಇದೆ. 1960ರ ದಶಕದಲ್ಲಿ ಫಿನ್ಲೆಂಡಿನ ಸ್ಕೀಯಿಂಗ್ ವೀರ ಈರೊ ಮ್ಯಾಂಟಿರಾಂಟಾ ಒಲಿಂಪಿಕ್ ಚಿನ್ನಗಳನ್ನು ಬಾಚಿಕೊಂಡರು. ಅವರ ರಕ್ತದಲ್ಲಿ ಕೆಂಪು ಕಣಗಳು ಹುಟ್ಟಿನಿಂದಲೇ ಜಾಸ್ತಿ. ಅದಕ್ಕೆ ಕಾರಣವಾದ ಜೀನನ್ನು 1993ರಲ್ಲಿ ಪತ್ತೆ ಮಾಡಿದ ತಂಡದಲ್ಲಿ ಇದ್ದವರು ಪಟಿನ್ಯೊ ಪರ ನಿಂತ ಅದೇ ಡಿ ಲಾ ಶಪೆಲ್. ಮ್ಯಾಂಟಿರಾಂಟಾಗೆ ಯಾರೂ ರಕ್ತ ಇಳಿಸಿಕೊಂಡು ಬಾ ಅನ್ನಲಿಲ್ಲ. ಕೆಂಪು ಕಣಕ್ಕೆ ಅಂತ ಬೇರೆ ವಿಭಾಗ ಇಲ್ಲವಲ್ಲ ಎಂದು ನಿಯಮದ ಪರ ಇರುವವರು ಉತ್ತರಿಸುತ್ತಾರೆ. ಆ ಉತ್ತರದಲ್ಲೂ ಹುರುಳಿದೆ. ಹಾಗಿದ್ದರೆ ಉಳಿಯುವ ಪ್ರಶ್ನೆ ಒಂದೇ: ಹುಟ್ಟಿನಿಂದ ಹೆಣ್ಣಾಗಿ ಬೆಳೆದವರಲ್ಲಿ ಟೆಸ್ಟೋಸ್ಟಿರಾನ್ ಜಾಸ್ತಿ ಇದ್ದರೆ, ಅದರಿಂದ ಓಟದಲ್ಲಿ ನಿಜವಾಗಿ ಎಷ್ಟು ಲಾಭ?

ಈ ಪ್ರಶ್ನೆಯನ್ನು ನ್ಯಾಯಾಲಯದಲ್ಲಿ ಮೊದಲು ಎತ್ತಿದವರು ಒಡಿಶಾದ ದ್ಯುತಿ ಚಾಂದ್. ಜಾಜ್‌ಪುರ ಜಿಲ್ಲೆಯ ಚಾಕಾ ಗೋಪಾಲಪುರದ ನೇಕಾರರ ಮನೆ, ಏಳು ಮಕ್ಕಳು. 2014ರ ಜೂನ್‌ನಲ್ಲಿ ಏಷ್ಯನ್ ಜೂನಿಯರ್ ಕೂಟದಲ್ಲಿ 200 ಮೀಟರ್ ಚಿನ್ನ ಗೆದ್ದು ಬಂದಿದ್ದರು, ವಯಸ್ಸು 18. ಮುಂದಿನ ತಿಂಗಳು ಗ್ಲಾಸ್ಗೋ ಕಾಮನ್‌ವೆಲ್ತ್ ಕೂಟಕ್ಕೆ ಹೊರಡುವ ಹೊತ್ತಿಗೆ ಪರೀಕ್ಷೆಗಳು. ಅವುಗಳಲ್ಲಿ ಹೆಚ್ಚಿನವು ನಡೆದದ್ದು ನಮ್ಮ ಬೆಂಗಳೂರಿನಲ್ಲಿ. ರಕ್ತ, ಸ್ಕ್ಯಾನ್, ಕ್ರೋಮೋಸೋಮ್, ಮೈ ಮುಟ್ಟಿ ನೋಡುವ ಪರೀಕ್ಷೆ. ಆಮೇಲೆ ತಂಡದಿಂದ ಹೆಸರು ಬಿಟ್ಟುಹೋಯಿತು. ಟೆಸ್ಟೋಸ್ಟಿರಾನ್ ಅನ್ನುವ ಪದವನ್ನೇ ಕೇಳಿರದ ಹುಡುಗಿಗೆ ಅದು ಮೈಯಲ್ಲಿ ಜಾಸ್ತಿ ಇದೆ ಎಂಬ ಸುದ್ದಿ ಪತ್ರಿಕೆಯಲ್ಲಿ ಬಂತು.

ದ್ಯುತಿ ಔಷಧಿ ತಗೊಳ್ಳಲು ಒಪ್ಪಲಿಲ್ಲ. ನಾನು ಆರೋಗ್ಯವಾಗಿದ್ದೇನೆ, ಮೈ ಬದಲಾಯಿಸಿಕೊಳ್ಳಲ್ಲ ಎಂದು ಫೆಡರೇಷನ್‌ಗೆ ಬರೆದರು. ಸಂಶೋಧಕಿ ಪಯೋಷ್ಣಿ ಮಿತ್ರ ಜೊತೆಗೆ ನಿಂತರು, ಕೆನಡಾದ ವಕೀಲರು ದುಡ್ಡು ಪಡೆಯದೆ ವಾದಿಸಿದರು. ಸ್ವಿಟ್ಜರ್ಲೆಂಡಿನ ಕ್ರೀಡಾ ನ್ಯಾಯಾಲಯ 2015ರ ಜುಲೈನಲ್ಲಿ ನಿಯಮವನ್ನು ಎರಡು ವರ್ಷ ತಡೆಹಿಡಿಯಿತು. ಗಂಡಸರಿಗೆ ಇರುವ ಅಷ್ಟು ದೊಡ್ಡ ಅನುಕೂಲ ಇಂಥ ಮಹಿಳೆಯರಿಗೂ ಇದೆ ಎನ್ನಲು ಸಾಕ್ಷ್ಯ ಸಾಲದು, ಇದ್ದರೆ ತನ್ನಿ ಎಂದಿತು. ದ್ಯುತಿ ರಿಯೊದಲ್ಲಿ ಓಡಿದರು. 36 ವರ್ಷಗಳ ನಂತರ ಒಲಿಂಪಿಕ್ಸ್‌ನ 100 ಮೀಟರ್‌ನಲ್ಲಿ ಭಾರತದ ಮಹಿಳೆ. 2018ರ ಏಷ್ಯನ್ ಗೇಮ್ಸ್‌ನಲ್ಲಿ ಎರಡು ಬೆಳ್ಳಿ. ಆಮೇಲೆ ಅವರು ಡೋಪಿಂಗ್‌ನಲ್ಲಿ ನಿಷೇಧಕ್ಕೆ ಒಳಗಾದದ್ದು ಬೇರೆಯೇ ವಿಷಯ. ಹೊರಗಿನಿಂದ ಮೈಗೆ ಸೇರಿದ ವಸ್ತುವನ್ನೂ ಹುಟ್ಟಿನಿಂದ ಬಂದ ಹಾರ್ಮೋನನ್ನೂ ಒಂದೇ ತಕ್ಕಡಿಗೆ ಹಾಕಬಾರದು.

ಅಂತರರಾಷ್ಟ್ರೀಯ ಅಥ್ಲೆಟಿಕ್ಸ್ ಸಂಸ್ಥೆ ಸಾಕ್ಷ್ಯ ತಂದಿತು. ಅದರ ಜೊತೆ ನಂಟಿದ್ದ ಇಬ್ಬರು ವಿಜ್ಞಾನಿಗಳ 2017ರ ಅಧ್ಯಯನ. 2011 ಮತ್ತು 2013ರ ವಿಶ್ವ ಚಾಂಪಿಯನ್‌ಷಿಪ್‌ಗಳ ಲೆಕ್ಕ. ಟೆಸ್ಟೋಸ್ಟಿರಾನ್ ಜಾಸ್ತಿ ಇದ್ದವರು 400 ಮೀಟರ್‌ನಲ್ಲಿ 2.7 ಶೇಕಡಾ, 800 ಮೀಟರ್‌ನಲ್ಲಿ 1.8 ಶೇಕಡಾ ಮುಂದಿದ್ದಾರೆ ಎಂದಿತು. ಹ್ಯಾಮರ್ ಎಸೆತದಲ್ಲಿ ಇನ್ನೂ ಜಾಸ್ತಿ, 4.5. ಆದರೆ 2018ರಲ್ಲಿ ಬಂದ ಹೊಸ ನಿಯಮ ಹ್ಯಾಮರ್ ಬಿಟ್ಟಿತು, 400 ಮೀಟರ್‌ನಿಂದ ಒಂದು ಮೈಲಿವರೆಗಿನ ಓಟಗಳನ್ನು ಹಿಡಿಯಿತು. ಮಿತಿ 10ರಿಂದ 5ಕ್ಕೆ ಇಳಿಯಿತು. ಗುರಿ ಈಗ ಎಕ್ಸ್‌ವೈ ಕ್ರೋಮೋಸೋಮ್ ಇದ್ದು, ಲಿಂಗದ ಬೆಳವಣಿಗೆಯಲ್ಲಿ ವ್ಯತ್ಯಾಸ ಇರುವ ಮಹಿಳೆಯರು. ಡಿಎಸ್‌ಡಿ ಅನ್ನುತ್ತಾರೆ. ಪಟಿನ್ಯೊ ಅಂಥವರಿಗೆ ವಿನಾಯಿತಿ ಇತ್ತು. 2021ರಲ್ಲಿ ಆ ಅಧ್ಯಯನ ಪ್ರಕಟಿಸಿದ ಪತ್ರಿಕೆಯೇ ತಿದ್ದುಪಡಿ ಹಾಕಿತು: ಹಾರ್ಮೋನೇ ಕಾರಣ ಎಂಬ ಅರ್ಥ ಬರುವಂತೆ ಬರೆದದ್ದು ದಾರಿ ತಪ್ಪಿಸಬಹುದು ಅಂತ. ಅಷ್ಟರಲ್ಲಿ ನಿಯಮ ಜಾರಿಯಾಗಿ ಎರಡು ವರ್ಷ ಕಳೆದಿತ್ತು.

ಸೆಮೆನ್ಯಾ 2010ರಿಂದ ಕೆಲವು ವರ್ಷ ಗರ್ಭನಿರೋಧಕ ಮಾತ್ರೆ ನುಂಗಿ ಹಾರ್ಮೋನ್ ಇಳಿಸಿಕೊಂಡೇ ಓಡಿದವರು. ಅದೇ ಅವಧಿಯ 2012ರ ಲಂಡನ್ ಫೈನಲ್‌ನಲ್ಲಿ ಅವರನ್ನು ಹಿಂದೆ ಹಾಕಿದ ರಷ್ಯಾದ ಮರಿಯಾ ಸವಿನೋವಾ ಡೋಪಿಂಗ್‌ನಲ್ಲಿ ಸಿಕ್ಕಿಬಿದ್ದು ಚಿನ್ನ ಕಳೆದುಕೊಂಡರು. ಮಾತ್ರೆ ಬಿಟ್ಟ ಮೇಲೂ ಸೆಮೆನ್ಯಾ 800 ಮೀಟರ್‌ನ ವಿಶ್ವದಾಖಲೆ ಮುರಿಯಲಿಲ್ಲ. ಅದು ಈಗಲೂ 1983ರದ್ದು, 1 ನಿಮಿಷ 53.28 ಸೆಕೆಂಡ್. 2019ರ ಮೇ 1ರಂದು ಕ್ರೀಡಾ ನ್ಯಾಯಾಲಯ 2-1ರಲ್ಲಿ ಅವರ ವಿರುದ್ಧ ತೀರ್ಪು ಕೊಟ್ಟಿತು. ನಿಯಮ ಭೇದ ಮಾಡುತ್ತದೆ ಎಂದು ಒಪ್ಪಿಕೊಂಡೇ, ಮಹಿಳಾ ವಿಭಾಗ ಉಳಿಸಲು ಆ ಭೇದ ಬೇಕು ಎಂದಿತು. ಸೆಮೆನ್ಯಾ ಮತ್ತೆ ಮಾತ್ರೆ ಮುಟ್ಟಲಿಲ್ಲ. 800 ಮೀಟರ್ ಬಿಟ್ಟರು.

ಉಗಾಂಡಾದ ಓಟಗಾರ್ತಿ ಆನೆಟ್ ನೆಗೆಸಾಗೆ ಆದದ್ದು ಇನ್ನೂ ಕಠಿಣ. 2012ರಲ್ಲಿ ಅವರಿಗೆ ಶಸ್ತ್ರಚಿಕಿತ್ಸೆಯಾಯಿತು. ಎಚ್ಚರವಾದಾಗ ಹೊಟ್ಟೆಯ ಮೇಲೆ ಕೊಯ್ದ ಗಾಯಗಳಿದ್ದವು, ಏನು ನಡೆಯಲಿದೆ ಎಂದು ತನಗೆ ಸರಿಯಾಗಿ ತಿಳಿಸಿರಲೇ ಇಲ್ಲ ಎಂದು 2019ರಲ್ಲಿ ಹೇಳಿಕೊಂಡರು. ಕ್ರೀಡಾ ಸಂಸ್ಥೆ ತನ್ನ ಪಾತ್ರ ಇಲ್ಲ ಎಂದಿತು. ನೆಗೆಸಾ ಹಿಂದಿನ ವೇಗಕ್ಕೆ ಮರಳಲಿಲ್ಲ.

2023ರ ಮಾರ್ಚ್‌ನಲ್ಲಿ ಮಿತಿ 2.5ಕ್ಕೆ ಇಳಿಯಿತು, ಎಲ್ಲ ಸ್ಪರ್ಧೆಗಳಿಗೂ ಅನ್ವಯವಾಯಿತು, 24 ತಿಂಗಳು ಆ ಮಟ್ಟದಲ್ಲಿ ಇರಬೇಕು ಎಂದಾಯಿತು. 400 ಮೀಟರ್ ಮುಚ್ಚಿದ್ದಕ್ಕೆ 200 ಮೀಟರ್ ಓಡಿ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದಿದ್ದ ನಮೀಬಿಯಾದ ಕ್ರಿಸ್ಟಿನ್ ಎಂಬೊಮಾಗೆ, ಹಾರ್ಮೋನ್ ಇಳಿಸಿಕೊಳ್ಳದ ಹೊರತು, ಆ ಬಾಗಿಲೂ ಮುಚ್ಚಿತು.

2025 ಎರಡು ಸುದ್ದಿ ತಂತು. ಜುಲೈ 10ರಂದು ಯುರೋಪಿನ ಮಾನವ ಹಕ್ಕು ನ್ಯಾಯಾಲಯದ ದೊಡ್ಡ ಪೀಠ, ಕ್ರೀಡಾ ನ್ಯಾಯಾಲಯದ ತೀರ್ಪಿನ ವಿರುದ್ಧ ಸೆಮೆನ್ಯಾ ಹಾಕಿದ ಅರ್ಜಿಯನ್ನು ಸ್ವಿಟ್ಜರ್ಲೆಂಡಿನ ಸುಪ್ರೀಂ ಕೋರ್ಟ್ ಸರಿಯಾಗಿ ಪರಿಶೀಲಿಸಲಿಲ್ಲ, ಅವರಿಗೆ ನ್ಯಾಯಯುತ ವಿಚಾರಣೆ ಸಿಗಲಿಲ್ಲ ಎಂದಿತು. ಆದರೆ ನಿಯಮ ಬೀಳಲಿಲ್ಲ. ಸೆಪ್ಟೆಂಬರ್ 1ರಿಂದ ವರ್ಲ್ಡ್ ಅಥ್ಲೆಟಿಕ್ಸ್ (ಅಂತರರಾಷ್ಟ್ರೀಯ ಅಥ್ಲೆಟಿಕ್ಸ್ ಸಂಸ್ಥೆಯ ಈಗಿನ ಹೆಸರು) ಎಸ್‌ಆರ್‌ವೈ ಜೀನ್ ಪರೀಕ್ಷೆಯನ್ನು ಕಡ್ಡಾಯ ಮಾಡಿತು. ಅಟ್ಲಾಂಟಾದಲ್ಲಿ ಹುಡುಕಿದ ಅದೇ ಜೀನ್. ಕೆನ್ನೆಯೊಳಗೆ ಹತ್ತಿಕಡ್ಡಿ ಆಡಿಸಿ, ಅಥವಾ ರಕ್ತ ತೆಗೆದು, ಜೀವನದಲ್ಲಿ ಒಂದು ಸಲ. ಆ ತಿಂಗಳು ಟೋಕಿಯೊದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಓಡಲು ಮಹಿಳೆಯರು ಇದನ್ನು ದಾಟಿ ಬರಬೇಕಿತ್ತು. 1990ರಲ್ಲಿ ಈ ಜೀನ್ ಕಂಡುಹಿಡಿದವರಲ್ಲಿ ಪ್ರಮುಖರಾದ ಆಂಡ್ರ್ಯೂ ಸಿಂಕ್ಲೇರ್ ಈ ಪರೀಕ್ಷೆಯನ್ನು ಬಹಿರಂಗವಾಗಿ ವಿರೋಧಿಸಿದ್ದಾರೆ. ಜೀನ್ ಇದೆಯೋ ಇಲ್ಲವೋ ಅಷ್ಟನ್ನೇ ಇದು ಹೇಳುತ್ತದೆ, ಅದು ಕೆಲಸ ಮಾಡುತ್ತಿದೆಯೇ, ಟೆಸ್ಟೋಸ್ಟಿರಾನ್ ಬರುತ್ತಿದೆಯೇ, ಬಂದದ್ದನ್ನು ದೇಹ ಬಳಸುತ್ತಿದೆಯೇ ಎನ್ನುವುದು ಇದರಿಂದ ಗೊತ್ತಾಗುವುದಿಲ್ಲ ಎಂಬುದು ಅವರ ಮಾತು.

ಪರೀಕ್ಷೆ ಮಾಡಿಸುವ ಹೊಣೆ ಆಯಾ ದೇಶದ ಫೆಡರೇಷನ್‌ಗಳದ್ದು. ಅಂದರೆ ಇನ್ನು ಮುಂದೆ ಈ ಸುದ್ದಿ ಹುಡುಗಿಗೆ ತಲುಪುವುದು ಅವಳ ಸ್ವಂತ ಊರಲ್ಲಿ, ಅವಳ ಭಾಷೆಯಲ್ಲಿ, ಅವಳಿಗೆ ಗೊತ್ತಿರುವ ಅಧಿಕಾರಿಯ ಬಾಯಿಂದ. ಶಾಂತಿಗೆ ಅದನ್ನು ಹೇಳಿದ್ದು ಟಿವಿ.